346 ಜೀವ ಹೋಯಿತು, ಬೋಯಿಂಗ್ ಕೇಸೂ ಹೋಯಿತು. ತಪ್ಪು ಯಾರದ್ದು?

ಕಾಫಿಪುಡಿ
737 ಮ್ಯಾಕ್ಸ್ ವಿಮಾನದ ವಿಷಯದಲ್ಲಿ ಅಮೆರಿಕದ ಬೋಯಿಂಗ್ ಕಂಪನಿ ಮೇಲಿದ್ದ ಕ್ರಿಮಿನಲ್ ಕೇಸನ್ನು ಟೆಕ್ಸಸ್ ಕೋರ್ಟು 2025ರ ನವೆಂಬರ್‌ನಲ್ಲಿ ಮುಗಿಸಿತು. ಕೈಬಿಡಿ ಅಂತ ಕೇಳಿದ್ದು ಸರ್ಕಾರವೇ. ಮರೆತವರಿಗೆ: 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿತ್ತು, 189 ಜನ. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್, 157 ಜನ. ಎಂಕ್ಯಾಸ್ ಅನ್ನೋ ಸಾಫ್ಟ್‌ವೇರ್ ಒಂದೇ ಒಂದು ಸೆನ್ಸರ್ ನಂಬಿಕೊಂಡು ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತುತ್ತಲೇ ಹೋಯಿತು. ಅಂಥದ್ದೊಂದು ಇದೆ ಅಂತ ಲಯನ್ ಏರ್ ಪೈಲಟ್‌ಗಳಿಗೆ ಯಾರೂ ಹೇಳಿರಲಿಲ್ಲ.

ನನ್ನ ಸಿಟ್ಟು ಬೋಯಿಂಗ್ ಮೇಲಿಗಿಂತ ಎಫ್‌ಎಎ ಮೇಲೆ, ಅಂದರೆ ವಿಮಾನಕ್ಕೆ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಸಂಸ್ಥೆಯ ಮೇಲೆ. ಮೊದಲ ಅಪಘಾತ ಆದ ಮೇಲೆ, ಡಿಸೆಂಬರ್‌ನಲ್ಲಿ, ಅವರೇ ಲೆಕ್ಕ ಹಾಕಿದ್ದರು. ಸರಿಪಡಿಸದೆ ಬಿಟ್ಟರೆ ಈ ವಿಮಾನಗಳ ಆಯಸ್ಸು ಮುಗಿಯುವಷ್ಟರಲ್ಲಿ ಇನ್ನೂ 15 ಅಪಘಾತ ಆಗಬಹುದು ಅಂತ. ಲೆಕ್ಕ ಕೈಯಲ್ಲಿಟ್ಟುಕೊಂಡು ಹಾರಲು ಬಿಟ್ಟರು. ಇದಕ್ಕೆ ಯಾರು ಉತ್ತರ ಕೊಡಬೇಕು?

ಚುಕ್ಕಾಣಿ
‘ಒಂದೇ ಒಂದು ಸೆನ್ಸರ್’. ಎಲ್ಲರೂ ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ದಾರೆ. ಅದೇ ಲಯನ್ ಏರ್ ವಿಮಾನ ಹಿಂದಿನ ರಾತ್ರಿ ಬಾಲಿಯಿಂದ ಜಕಾರ್ತಕ್ಕೆ ಬಂದಿತ್ತು. ಅದೇ ಸೆನ್ಸರ್, ಅದೇ ತೊಂದರೆ. ಬಾಲದ ರೆಕ್ಕೆಯನ್ನು ತಿರುಗಿಸುವ ಮೋಟರಿನ ಸ್ವಿಚ್ (ಟ್ರಿಮ್ ಸ್ವಿಚ್) ಆಫ್ ಮಾಡಿದರು, ಆರಾಮಾಗಿ ಇಳಿಸಿದರು. ತನಿಖಾ ವರದಿ ಓದಿ. ನಿರ್ವಹಣೆ ಪುಸ್ತಕದಲ್ಲಿ 31 ಪುಟವೇ ಇರಲಿಲ್ಲ. ಅದಕ್ಕೂ ಎಫ್‌ಎಎ ಕಾರಣನಾ?

ಸಿಯಾಟಲ್ ಶೆಟ್ರು
‘ಆರಾಮಾಗಿ’ ಅಂತೆ! ಆ ರಾತ್ರಿ ಕಾಕ್‌ಪಿಟ್‌ನಲ್ಲಿ ಮೂರನೆಯ ಪೈಲಟ್ ಒಬ್ಬರು ಸುಮ್ನೆ ಪ್ರಯಾಣಿಕರಾಗಿ ಕೂತಿದ್ದರು. ಅವರಿಂದ ಬಚಾವಾದರು. ಟಿಕೆಟ್ ತಗೊಳ್ಳುವಾಗ ಮೂರನೇ ಪೈಲಟ್ ಇದ್ದಾರಾ ಅಂತ ಕೇಳಬೇಕಾ ಸ್ವಾಮಿ?

ಚುಕ್ಕಾಣಿ
ಕೇಳಬೇಕಾಗಿಲ್ಲ. ಇಬ್ಬರಿಗೆ ಸರಿಯಾಗಿ ತರಬೇತಿ ಕೊಟ್ಟಿದ್ದರೆ ಸಾಕಿತ್ತು.

ಸಿಯಾಟಲ್ ಶೆಟ್ರು
ತರಬೇತಿ ಮಾತು ನೀವೇ ಎತ್ತಿದ್ರಿ, ಒಳ್ಳೆಯದಾಯ್ತು. ಸಿಮ್ಯುಲೇಟರ್ ತರಬೇತಿ ಬೇಕಾಯಿತು ಅಂದರೆ ವಿಮಾನಕ್ಕೆ 10 ಲಕ್ಷ ಡಾಲರ್ ಬಿಟ್ಟುಕೊಡ್ತೀವಿ ಅಂತ ಸೌತ್‌ವೆಸ್ಟ್ ಏರ್‌ಲೈನ್ ಕಂಪನಿಗೆ ಮಾತು ಕೊಟ್ಟಿದ್ದು ಯಾರು? ಬೋಯಿಂಗ್. ತರಬೇತಿ ಬೇಡ ಅನ್ನೋದೇ ಅವರ ಮಾರಾಟದ ಮಂತ್ರ.

ಒಂಬತ್ತರಿಂದ ಒಂಬತ್ತು
ಸಾಫ್ಟ್‌ವೇರ್ ಸಾಫ್ಟ್‌ವೇರ್ ಅಂತೀರಲ್ಲ, ಅದನ್ನು ಬರೆದವರು ನಮ್ಮ ಹುಡುಗರೇ ಅಲ್ವಾ? 2019ರಲ್ಲಿ ಬ್ಲೂಮ್‌ಬರ್ಗ್‌ನಲ್ಲೇ ಬಂದಿತ್ತು, ಗಂಟೆಗೆ 9 ಡಾಲರ್‌ಗೆ ಎಚ್‌ಸಿಎಲ್ ಇಂಜಿನಿಯರ್‌ಗಳು ಅಂತ. ಅಗ್ಗದ ಮಾಲು, ಮುಗ್ಗಲು ಜೋಳ.

ಬೈಟು ಕಾಫಿ
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಆ ವರದಿಯನ್ನು ಪೂರ್ತಿ ಓದಿದ್ದೀರಾ, ಇಲ್ಲ ತಲೆಬರಹಕ್ಕೇ ನಿಂತಿರಾ? ಎಂಕ್ಯಾಸ್‌ಗೂ ಎಚ್‌ಸಿಎಲ್‌ಗೂ ಸಂಬಂಧ ಇಲ್ಲ ಅಂತ ಬೋಯಿಂಗ್ ಅದರಲ್ಲೇ ಹೇಳಿದೆ.

ಒಂಬತ್ತರಿಂದ ಒಂಬತ್ತು
‘ಬೋಯಿಂಗ್ ಹೇಳಿದೆ’. ಹಹಹ. ಮೇಲೆ ಬೋಯಿಂಗ್ ಸುಳ್ಳುಗಾರ ಅಂತ ಬೈತಾ ಇದ್ದೀರಿ. ನಿಮಗೆ ಬೇಕಾದಾಗ ಮಾತ್ರ ಅದು ಹರಿಶ್ಚಂದ್ರ.

ಬೈಟು ಕಾಫಿ
ಮೇಲೆ ಬೈದಿದ್ದು ನಾನಲ್ಲ, ಶೆಟ್ರು. ಸರಿ, ಬೋಯಿಂಗ್ ಮಾತು ಬಿಡಿ. ಎಂಕ್ಯಾಸ್ ಹೇಗೆ ಕೆಲಸ ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಬೋಯಿಂಗ್ ಒಳಗಿನವರೇ. ಎಫ್‌ಎಎಗೆ ಕೊಟ್ಟ ಸುರಕ್ಷತಾ ಕಾಗದದಲ್ಲಿ ಅದು ಬಾಲದ ರೆಕ್ಕೆಯನ್ನು 0.6 ಡಿಗ್ರಿ ತಿರುಗಿಸುತ್ತೆ ಅಂತಿತ್ತು. ಆಮೇಲೆ ಅದು 2.5 ಡಿಗ್ರಿ ಆಯಿತು. ಸೆನ್ಸರ್ ವಿಮಾನದಲ್ಲಿ ಎರಡಿತ್ತು, ಕೇಳಿದ್ದು ಒಂದರ ಮಾತು. ಕೋಡ್ ತನಗೆ ಹೇಳಿದ್ದನ್ನೇ ಮಾಡಿತು. ಹೇಳಿದವರು ತಪ್ಪು ಹೇಳಿದ್ದರು. ನಾನು ಹನ್ನೆರಡು ವರ್ಷ ಇಂಥದ್ದೇ ಹೊರಗುತ್ತಿಗೆ ಕೆಲಸ ಮಾಡಿದವನು. ಗ್ರಾಹಕ ಬರೆದುಕೊಟ್ಟಿದ್ದರಲ್ಲಿ ಒಂದು ಕಾಮಾ ಬದಲಾಯಿಸಬೇಕಾದರೂ ನಾಲ್ಕು ಸಹಿ ಬೇಕು.

ಒಂಬತ್ತರಿಂದ ಒಂಬತ್ತು
ಹನ್ನೆರಡು ವರ್ಷ ಮಾಡಿದವರು ಅಂದಮೇಲೆ ಉರಿಯೋದು ಸಹಜ. ಅರ್ಥ ಆಯ್ತು.

ಬೈಟು ಕಾಫಿ
ಏನ್ ಅರ್ಥ ಆಯ್ತು? ಬಾಯಿಗೆ ಬಂದಿದ್ದು ಬರೆಯಬೇಡಿ. 346 ಜನ ಸತ್ತ ವಿಷಯದಲ್ಲಿ ತಪ್ಪನ್ನು ತಂದು ನಮ್ಮ ಹುಡುಗರ ತಲೆಗೆ ಕಟ್ಟೋಕೆ ನಾಚಿಕೆ ಆಗಲ್ವಾ? ಅಮೆರಿಕದವರೇ ಇಷ್ಟು ಮಾಡಿರಲಿಲ್ಲ!

ಚುಕ್ಕಾಣಿ
‘ಅಮೆರಿಕದವರೇ ಮಾಡಿರಲಿಲ್ಲ’ ತಪ್ಪು. ಅವರು ಇಂಡೋನೇಷ್ಯಾ, ಇಥಿಯೋಪಿಯಾ ಪೈಲಟ್‌ಗಳ ತಲೆಗೆ ಕಟ್ಟಿದರು. ಸ್ವಲ್ಪ ಮಟ್ಟಿಗೆ ಸರಿಯಾಗಿಯೇ ಕಟ್ಟಿದರು. ಇಥಿಯೋಪಿಯಾ ವಿಮಾನದಲ್ಲಿ ಎಂಜಿನ್ ವೇಗ ಇಳಿಸಲೇ ಇಲ್ಲ.

ಸಿಯಾಟಲ್ ಶೆಟ್ರು
ಅದೇ ಪೈಲಟ್‌ಗಳು ಬೋಯಿಂಗ್ ಹೇಳಿದ ಹಾಗೆ ಸ್ವಿಚ್ ಆಫ್ ಮಾಡಿದ್ದರು, ಅದನ್ನು ಯಾಕೆ ನುಂಗ್ತೀರಿ? ಆಮೇಲೆ ಬಾಲದ ರೆಕ್ಕೆ ಸರಿಮಾಡುವ ಚಕ್ರವನ್ನು ಕೈಯಿಂದ ತಿರುಗಿಸಲು ಆಗಲಿಲ್ಲ. ಲಯನ್ ಏರ್ ಕ್ಯಾಪ್ಟನ್ ನಮ್ಮ ದೆಹಲಿಯವರು. 20ಕ್ಕೂ ಹೆಚ್ಚು ಸಲ ಮೂತಿ ಎತ್ತಿದರು. ಯಾವುದರ ಜೊತೆ ಗುದ್ದಾಡ್ತಾ ಇದ್ದೀನಿ ಅಂತಲೇ ಗೊತ್ತಿಲ್ಲದೆ.

ಲಾ ಪಾಯಿಂಟ್
ಕೇಸಿನ ವಿಷಯಕ್ಕೆ ಬನ್ನಿ. ‘ಕೇಸು ಹೋಯಿತು’ ಅಂತ ತಲೆಬರಹ ಹಾಕಿದ್ದೀರಿ. ಕಂಪನಿ ಏನೂ ಕೊಡಲಿಲ್ಲ ಅನ್ನೋ ಹಾಗಿದೆ. 2021ರ ಜನವರಿಯಲ್ಲೇ 250 ಕೋಟಿ ಡಾಲರ್ ಒಪ್ಪಂದ ಆಯಿತು. 2025ರಲ್ಲಿ ಮತ್ತೆ 110 ಕೋಟಿ. ಕಡಿಮೆನಾ?

ಕಾಫಿಪುಡಿ
ಆ 250 ಕೋಟಿಯನ್ನು ಬಿಡಿಸಿ ಹೇಳಿ ವಕೀಲರೇ. 177 ಕೋಟಿ ಹೋಗಿದ್ದು ಏರ್‌ಲೈನ್ ಕಂಪನಿಗಳಿಗೆ. ಸತ್ತವರ ಮನೆಯವರಿಗೆ 50 ಕೋಟಿ. ದಂಡ ಅಂತ ಇದ್ದಿದ್ದು 24.36 ಕೋಟಿ. ಸಿಇಒ ಮುಯಿಲೆನ್‌ಬರ್ಗ್ 2019ರ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡಾಗ ಸುಮಾರು 6 ಕೋಟಿ ಡಾಲರ್ ತಗೊಂಡು ಹೋದರು. ಕೋರ್ಟಿನ ಕಟಕಟೆ ಹತ್ತಿದ್ದು ಬೋಯಿಂಗ್‌ನ ಒಬ್ಬ ಟೆಕ್ನಿಕಲ್ ಪೈಲಟ್ ಮಾತ್ರ. ಅವರನ್ನೂ 2022ರಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು.

ಲಾ ಪಾಯಿಂಟ್
‘ಜ್ಯೂರಿ ಬಿಟ್ಟುಬಿಟ್ಟಿತು’ ಅಂದರೆ ಕಾನೂನು ಕೆಲಸ ಮಾಡಿತು ಅಂತ ಅರ್ಥ. ನಿಮಗೆ ಬೇಕಾದ ತೀರ್ಪು ಬರಲಿಲ್ಲ ಅಷ್ಟೇ.

ಕಾಫಿಪುಡಿ
ನನಗೆ ಬೇಕಾದ ತೀರ್ಪಾ? ಜಡ್ಜ್ ರೀಡ್ ಓ'ಕಾನರ್ ಅವರೇ 2023ರಲ್ಲಿ ಬರೆದಿದ್ದಾರೆ, ಅಮೆರಿಕದ ಚರಿತ್ರೆಯಲ್ಲೇ ಅತಿ ಹೆಚ್ಚು ಜೀವ ತೆಗೆದ ಕಾರ್ಪೊರೇಟ್ ಅಪರಾಧ ಇದು ಅನ್ನಬಹುದು ಅಂತ. ಕೇಸು ಕೈಬಿಡೋದು ಜನರಿಗೆ ಒಳ್ಳೆಯದಲ್ಲ ಅಂತಲೂ ಅವರೇ ಹೇಳಿ, ಸರ್ಕಾರವನ್ನು ತಡೆಯುವ ಅಧಿಕಾರ ತನಗಿಲ್ಲ ಅಂತ ಸಹಿ ಹಾಕಿದರು.

ಲಾ ಪಾಯಿಂಟ್
‘ಅನ್ನಬಹುದು’. ಆ ಪದ ಗಮನಿಸಿ.

ಹಳೇ ಪೇಪರ್
ಭೋಪಾಲ್ ನೆನಪಾಯ್ತು. 1989ರಲ್ಲಿ 47 ಕೋಟಿ ಡಾಲರ್‌ಗೆ ಎಲ್ಲ ಮುಗಿಸಿದರು. ಯೂನಿಯನ್ ಕಾರ್ಬೈಡ್ ಮುಖ್ಯಸ್ಥ ಆಂಡರ್ಸನ್ ಒಂದು ದಿನವೂ ನಮ್ಮ ಕೋರ್ಟಿನಲ್ಲಿ ವಿಚಾರಣೆಗೆ ನಿಲ್ಲಲಿಲ್ಲ.

ಚುಕ್ಕಾಣಿ
ಭೋಪಾಲ್‌ಗೂ ಇದಕ್ಕೂ ಏನ್ ಸಂಬಂಧ? ನಾಳೆ ಅಹಮದಾಬಾದ್ ವಿಮಾನವನ್ನೂ ತರ್ತೀರಿ. ಅದು 787, ಬೇರೆ ವಿಮಾನ.

ಹಳೇ ಪೇಪರ್
ಅಹಮದಾಬಾದ್ ಹೆಸರು ತಂದಿದ್ದು ನೀವು.

ಒಂಬತ್ತರಿಂದ ಒಂಬತ್ತು
ಬೈಟು ಕಾಫಿಯವರು ಇನ್ನೂ ಉತ್ತರ ಕೊಟ್ಟಿಲ್ಲ. 9 ಡಾಲರ್ ಹೌದೋ ಅಲ್ವೋ? ಒಂದೇ ಪದದಲ್ಲಿ ಹೇಳಿ.

ಬೈಟು ಕಾಫಿ
9 ಡಾಲರ್ ಕೊಟ್ಟಿರಬಹುದು. ಎಂಕ್ಯಾಸ್ ಅದಲ್ಲ.

ಒಂಬತ್ತರಿಂದ ಒಂಬತ್ತು
ಒಪ್ಪಿಕೊಂಡರು ನೋಡಿ!

ಬೈಟು ಕಾಫಿ
ಕರ್ಮ. ‘ಎಂಕ್ಯಾಸ್ ಅದಲ್ಲ’ ಅನ್ನೋದು ನಿಮ್ಮ ಫೋನಿನಲ್ಲಿ ಕಾಣಿಸ್ತಿಲ್ವಾ? ಅಗ್ಗದ ಮಾಲು ಅಂತ ಬರೆದ ನಿಮಗೆ ಗೊತ್ತಿರಲಿ, ಅದೇ ಬೋಯಿಂಗ್ ನಮ್ಮ ದೇವನಹಳ್ಳಿ ಹತ್ತಿರ 43 ಎಕರೆಯಲ್ಲಿ ಇಂಜಿನಿಯರಿಂಗ್ ಕ್ಯಾಂಪಸ್ ಕಟ್ಟಿದೆ. 2024ರ ಜನವರಿಯಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದರು.

ಸಿಯಾಟಲ್ ಶೆಟ್ರು
ಅದೇ 2024ರ ಜನವರಿಯಲ್ಲಿ ಇಲ್ಲಿ ಅಲಾಸ್ಕಾ ಏರ್‌ಲೈನ್ಸ್ ಮ್ಯಾಕ್ಸ್‌ನ ಬಾಗಿಲು ಮುಚ್ಚಳ ಆಕಾಶದಲ್ಲೇ ಕಿತ್ತು ಹೋಯಿತು. ನಾಲ್ಕು ಬೋಲ್ಟ್ ಹಾಕಿರಲೇ ಇಲ್ಲ. ಆ ಕೆಲಸ ನಡೆದಿದ್ದು ರೆಂಟನ್ ಕಾರ್ಖಾನೆಯಲ್ಲಿ. ಗಂಟೆಗೆ 9 ಡಾಲರ್ ಅಲ್ಲ ಅಲ್ಲಿ ಸಂಬಳ.

ಒಂಬತ್ತರಿಂದ ಒಂಬತ್ತು
ಬೋಲ್ಟ್ ಬೇರೆ, ಕೋಡ್ ಬೇರೆ.

ಕಾಫಿಪುಡಿ
ನಾನು ಕೇಳಿದ್ದು ಎಫ್‌ಎಎ ಬಗ್ಗೆ. ಅರ್ಧ ಚರ್ಚೆ 9 ಡಾಲರ್‌ಗೇ ಹೋಯಿತು. ಸರ್ಕಾರ ಮಾಡಬೇಕಾದ ತಪಾಸಣೆಯಲ್ಲಿ ಬಹುಪಾಲನ್ನು ಬೋಯಿಂಗ್ ಸಂಬಳದ ಮೇಲಿರುವ ಇಂಜಿನಿಯರ್‌ಗಳಿಗೇ ವಹಿಸಿದ್ದರು. ಹುಡುಗನ ಕೈಗೇ ಕೆಂಪು ಪೆನ್ನು ಕೊಟ್ಟು ನಿನ್ನ ಪೇಪರ್ ನೀನೇ ತಿದ್ದಿಕೋ ಅಂದ ಹಾಗೆ. ಚೀನಾ ಮಾರ್ಚ್ 11ಕ್ಕೇ ಮ್ಯಾಕ್ಸ್ ನಿಲ್ಲಿಸಿತು. ಎಫ್‌ಎಎ ನಿಲ್ಲಿಸಿದ್ದು 13ಕ್ಕೆ.

ಚುಕ್ಕಾಣಿ
ಎರಡು ದಿನ. ಎರಡೇ ದಿನಕ್ಕೆ ಇಷ್ಟು ಕೂಗಾಟ.

ಕಾಫಿಪುಡಿ
ಎರಡು ದಿನ ಅಲ್ಲ. ಲಯನ್ ಏರ್ ಬಿದ್ದಾಗಿನಿಂದ ನಾಲ್ಕೂವರೆ ತಿಂಗಳು.

ಲಾ ಪಾಯಿಂಟ್
2020ರ ಡಿಸೆಂಬರ್‌ನಲ್ಲಿ ಇದಕ್ಕೇ ಅಂತ ಹೊಸ ಕಾನೂನು ಮಾಡಿದರು. ಅದನ್ನು ಮಾತ್ರ ನೀವು ಹೇಳಲ್ಲ.

ಸಿಯಾಟಲ್ ಶೆಟ್ರು
ಕಾನೂನು ಬಂದ ಮೂರು ವರ್ಷಕ್ಕೆ ಬಾಗಿಲು ಹಾರಿತು ವಕೀಲರೇ. ‘ವಿನ್ಯಾಸ ಮಾಡಿದವರು ಕೋಡಂಗಿಗಳು, ಅವರನ್ನು ನೋಡಿಕೊಳ್ಳುವವರು ಮಂಗಗಳು’ ಅಂತ ಬೋಯಿಂಗ್‌ನವರೇ ಒಬ್ಬರು ಮ್ಯಾಕ್ಸ್ ಬಗ್ಗೆ ಸಹೋದ್ಯೋಗಿಗೆ ಬರೆದಿದ್ದರು. ಅದು ಬಯಲಾಗಿ ಎಷ್ಟು ವರ್ಷ ಆಯ್ತು?

ಒಂಬತ್ತರಿಂದ ಒಂಬತ್ತು
ಕೋಡಂಗಿ ಅಂದರೆ ಇಲ್ಲಿ ಯಾರು, 9 ಡಾಲರ್‌ನವರಾ?

ಬೈಟು ಕಾಫಿ
ನಾನು ಈ ಮನುಷ್ಯನಿಗೆ ಇನ್ನು ಉತ್ತರ ಕೊಡಲ್ಲ.

ಒಂಬತ್ತರಿಂದ ಒಂಬತ್ತು
ಇದೂ ಉತ್ತರವೇ.

ಬೈಟು ಕಾಫಿ
ಇಲ್ಲ.