ಅಜ್ಜನ ಟ್ರಯಂಫ್‌ಗೆ ಯಾವ ಆಯಿಲ್? ಮನೆಯ ವಾಟ್ಸಾಪ್ ಗುಂಪಿನ ಒಂದು ದಿನದ ವಾದ

ದೊಡ್ಡಪ್ಪ, ಬೆಳಿಗ್ಗೆ 6:40
(ಫಾರ್ವರ್ಡ್ ಆಗಿ ಬಂದದ್ದು)
ಹಳೆಯ ಬೈಕ್ ಇಟ್ಟುಕೊಂಡವರೇ, ಎಚ್ಚರ! ಈಗಿನ ಆಯಿಲ್‌ನಲ್ಲಿರುವ ಡಿಟರ್ಜೆಂಟ್ (ಮಸಿ ತೊಳೆಯುವ ರಾಸಾಯನಿಕ) ಹಳೆಯ ಎಂಜಿನ್‌ಗೆ ವಿಷ. ಸಿಂಥೆಟಿಕ್ ಹಾಕಿದರೆ ಸೀಲ್‌ಗಳು ಕರಗುತ್ತವೆ. ಜಿಂಕ್ ತೆಗೆದುಹಾಕಿರುವುದರಿಂದ ಕ್ಯಾಮ್ (ವಾಲ್ವ್ ತೆರೆಸುವ ಭಾಗ) ಸವೆಯುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಡಿಟರ್ಜೆಂಟ್ ಇಲ್ಲದ ಸಿಂಗಲ್ ಗ್ರೇಡ್ ಒಂದೇ ಪರಿಹಾರ. ತಪ್ಪದೆ ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ, 6:42
ಎಲ್ಲರೂ ಓದಿ. ಭಾನುವಾರ ಅಪ್ಪನ ಬೈಕ್ ಸ್ಟಾರ್ಟ್ ಮಾಡುವ ಮೊದಲು ಇದು ತೀರ್ಮಾನವಾಗಬೇಕು. ಅಪ್ಪ ಇರುವಷ್ಟು ದಿನ ಆ ಎಂಜಿನ್‌ಗೆ ಸಿಂಗಲ್ ಗ್ರೇಡ್ 50 ಬಿಟ್ಟು ಬೇರೇನನ್ನೂ ಹಾಕಲಿಲ್ಲ.

ಭಾವ, 7:15
ಮಾವ, ನಾನು ಆಯಿಲ್ ಆಗಲೇ ತಂದಿಟ್ಟಿದ್ದೇನೆ. ಪೂರ್ತಿ ಸಿಂಥೆಟಿಕ್, 5ಡಬ್ಲ್ಯು-30, ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಸ್‌ಪಿ ದರ್ಜೆ. ಈಗ ಸಿಗುವ ಉತ್ತಮ ಆಯಿಲ್‌ಗಳಲ್ಲಿ ಒಂದು. 1966ರ ಎಂಜಿನ್‌ಗೆ 1966ರ ಆಯಿಲನ್ನೇ ಹುಡುಕುತ್ತಾ ಕೂರುವುದು ಏಕೆ?

ತಮ್ಮ, 7:21
ಭಾವ, ಆಯಿಲ್ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ಅರ್ಧಕ್ಕಿಂತ ಕಡಿಮೆ ಇದೆ. ಎಲ್ಲಿಯೂ ಸೋರಿದ ಗುರುತಿಲ್ಲ. ಸದ್ಯಕ್ಕೆ ಗುರುತಿನವರೆಗೆ ತುಂಬಿಸಿಬಿಡಲೇ?

ನಾನು, 7:23
ಬೇಡ! ದಯವಿಟ್ಟು ಒಂದು ತೊಟ್ಟೂ ಹಾಕಬೇಡ. ಕಿಕ್ ಕೂಡ ಹೊಡೆಯಬೇಡ.

ನಾನು, 7:31
ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಇರುವುದು ಪಕ್ಕದ ಟ್ಯಾಂಕ್‌ನಲ್ಲಿ, ಎಂಜಿನ್‌ನ ತಳದಲ್ಲಲ್ಲ. ಬೈಕ್ ತಿಂಗಳುಗಟ್ಟಲೆ ನಿಂತರೆ, ಪಂಪ್‌ನ ಒಳಗಿರುವ ಪುಟ್ಟ ಗುಂಡು ಸರಿಯಾಗಿ ಕೂರದಿದ್ದರೆ, ಆಯಿಲ್ ನಿಧಾನವಾಗಿ ಜಿನುಗಿ ಎಂಜಿನ್‌ನ ತಳದ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಕಡಿಮೆಯಾದಂತೆ ಕಾಣುವ ಆಯಿಲ್ ಹೆಚ್ಚಾಗಿ ಕೆಳಗೇ ಕುಳಿತಿದೆ. ಅದರ ಮೇಲೆ ಟ್ಯಾಂಕ್ ತುಂಬಿಸಿ ಸ್ಟಾರ್ಟ್ ಮಾಡಿದರೆ ಹೊಗೆ ಮುಚ್ಚಿಕೊಳ್ಳುತ್ತದೆ, ಗಾಳಿ ಹೊರಬಿಡುವ ಬ್ರೀದರ್‌ನಿಂದ ಆಯಿಲ್ ಉಗುಳುತ್ತದೆ, ಸೀಲ್‌ಗಳ ಮೇಲೆ ಒತ್ತಡ ಬೀಳುತ್ತದೆ. ಮೊದಲು ಎಂಜಿನ್ ಅಡಿಯ ಷಡ್ಭುಜದ ಪ್ಲಗ್ ಬಿಚ್ಚು. ಕೆಳಗೆ ಅಗಲವಾದ ಪಾತ್ರೆ ಇಡು. ಪ್ಲಗ್ ಜೊತೆ ತಂತಿಯ ಜಾಲರಿ ಬರುತ್ತದೆ, ಅದನ್ನು ಒರೆಸಬೇಡ, ಹಾಗೆಯೇ ಫೋಟೊ ಕಳುಹಿಸು.

ಭಾವ, 7:40
ಸರಿ, ಅದನ್ನು ಒಪ್ಪುತ್ತೇನೆ. ಆದರೆ ನನ್ನ ಆಯಿಲ್‌ನಲ್ಲಿ ಏನು ದೋಷವಿದೆ ಎಂದು ಹೇಳು.

ನಾನು, 7:58
ದೋಷ ಆಯಿಲ್‌ನಲ್ಲಿಲ್ಲ, ಭಾವ. ನೀರಿನಿಂದ ತಂಪಾಗುವ, ಬಿಗಿಯಾದ ಅಳತೆಗಳ ಎಂಜಿನ್‌ಗೆ ಅದು ಶ್ರೇಷ್ಠವೇ. ನಮ್ಮದು ಗಾಳಿಯಿಂದ ತಂಪಾಗುವ 650 ಸಿಸಿ ಜೋಡಿ ಸಿಲಿಂಡರ್. ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಬಿಗ್ ಎಂಡ್‌ನಲ್ಲಿ ಶೆಲ್ ಬೇರಿಂಗ್, ಅದು ಬದುಕುವುದೇ ಆಯಿಲ್‌ನ ಪದರದ ಮೇಲೆ. 5ಡಬ್ಲ್ಯು-30ರ ಕೊನೆಯ 30 ಎಂಬುದು ಬಿಸಿಯಾದಾಗಿನ ದಪ್ಪದ ಎಸ್‌ಎಇ ಗ್ರೇಡ್. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 30 ಆಯಿಲ್‌ನ ಸ್ನಿಗ್ಧತೆ (ದಪ್ಪ) 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರುತ್ತದೆ. ಎಸ್‌ಎಇ 50ರದು 16.3ರಿಂದ 21.9ರ ಒಳಗೆ. ಬಿಸಿಯಾದ ಮೇಲೆ ನಿಮ್ಮ ಆಯಿಲ್ ಈ ಎಂಜಿನ್‌ಗೆ ತೀರಾ ತೆಳು. ಐಡಲ್‌ನಲ್ಲಿ ಒತ್ತಡ ಕುಸಿಯುತ್ತದೆ.

ದೊಡ್ಡಪ್ಪ, 8:04
ಅದನ್ನೇ ನಾನೂ ಹೇಳುತ್ತಿರುವುದು! ಸಿಂಗಲ್ ಗ್ರೇಡ್ 50.

ನಾನು, 8:19
50 ಎಂಬುದು ಸರಿ, ದೊಡ್ಡಪ್ಪ. ಸಿಂಗಲ್ ಗ್ರೇಡೇ ಆಗಬೇಕೆಂಬ ಹಟ ಬೇಡ. 20ಡಬ್ಲ್ಯು-50 ಬಿಸಿಯಾದಾಗ ಅಜ್ಜನ 50ರ ಅಳತೆಯಲ್ಲೇ ಇರುತ್ತದೆ, ತಣ್ಣಗಿರುವಾಗ ಮಾತ್ರ ಅದಕ್ಕಿಂತ ಸಲೀಸಾಗಿ ಹರಿಯುತ್ತದೆ. ಈ ಎಂಜಿನ್‌ನಲ್ಲಿ ಅದು ಮುಖ್ಯ, ಏಕೆಂದರೆ ವಾಲ್ವ್‌ಗಳನ್ನು ಒತ್ತುವ ಮೇಲಿನ ರಾಕರ್‌ಗಳಿಗೆ ಆಯಿಲ್ ಸಿಗುವುದು ಟ್ಯಾಂಕ್‌ಗೆ ಹಿಂದಿರುಗುವ ಪೈಪ್‌ನಿಂದ. ಮೊದಲು ಎಂಜಿನ್ ಸುತ್ತಿ, ಕೆಳಗೆ ಬಿದ್ದು, ಪಂಪ್ ಎತ್ತಿದ ಮೇಲೆ ರಾಕರ್‌ಗೆ ಪಾಲು. ದಪ್ಪನೆಯ ತಣ್ಣನೆಯ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ.

ದೊಡ್ಡಪ್ಪ, 8:26
ಡಿಟರ್ಜೆಂಟ್ ವಿಷಯಕ್ಕೆ ಏನು ಹೇಳುತ್ತೀಯಮ್ಮ? 20ಡಬ್ಲ್ಯು-50ರಲ್ಲಿ ಅದು ಇದ್ದೇ ಇರುತ್ತದಲ್ಲ?

ಅತ್ತೆ, 8:30
ಅಣ್ಣಾ, ಆ ಸಂದೇಶ ಬರೆದವರು ಯಾರು ಎಂಬುದೇ ಗೊತ್ತಿಲ್ಲ. ಕೊನೆಯಲ್ಲಿ ‘ಎಲ್ಲರಿಗೂ ಕಳುಹಿಸಿ’ ಎಂದಿದ್ದರೆ ನನಗೆ ಮೊದಲೇ ಅನುಮಾನ.

ದೊಡ್ಡಪ್ಪ, 8:33
ಬರೆದವರು ಯಾರಾದರೇನು, ವಿಷಯ ಸರಿಯೋ ತಪ್ಪೋ ನೋಡಬೇಕು.

ನಾನು, 8:51
ದೊಡ್ಡಪ್ಪ ಹೇಳಿದ ಹಾಗೆ ವಿಷಯವನ್ನೇ ನೋಡೋಣ. ಅದರಲ್ಲಿ ನಿಜವೂ ಇದೆ, ಆದ್ದರಿಂದಲೇ ಜನ ನಂಬುತ್ತಾರೆ.

ಜಿಂಕ್ ವಿಷಯ ಅರ್ಧ ನಿಜ. ನಮ್ಮ ಕ್ಯಾಮ್ ಮೇಲೆ ರೋಲರ್ ಇಲ್ಲ, ಟ್ಯಾಪೆಟ್ ಉಜ್ಜಿಕೊಂಡೇ ಚಲಿಸುತ್ತದೆ, ಅಲ್ಲಿ ಜಿಂಕ್ ಮತ್ತು ಫಾಸ್ಫರಸ್‌ನ ಸಂಯುಕ್ತ ಬೇಕೇ ಬೇಕು. ಫಾಸ್ಫರಸ್ ಈಗಿನ ಗಾಡಿಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ ಎಂದು 2004ರ ಎಪಿಐ ಎಸ್‌ಎಂ ದರ್ಜೆಯಿಂದ ಅದಕ್ಕೆ ಶೇಕಡಾ 0.08ರ ಮಿತಿ ಹಾಕಿದರು. ಆದರೆ ಆ ಮಿತಿ 5ಡಬ್ಲ್ಯು-30ರಂತಹ ತೆಳು ಗ್ರೇಡ್‌ಗಳಿಗೆ. 20ಡಬ್ಲ್ಯು-50ಕ್ಕೆ ಅದು ಅನ್ವಯಿಸುವುದಿಲ್ಲ. ಭಾವನ ಡಬ್ಬ ಬೇಡವೆನ್ನಲು ಇದು ಎರಡನೆಯ ಕಾರಣ.

ಸಿಂಥೆಟಿಕ್‌ನಿಂದ ಸೀಲ್ ಕರಗುತ್ತದೆ ಎಂಬುದು ಸುಳ್ಳು.

ಡಿಟರ್ಜೆಂಟ್ ಇಲ್ಲದ ಆಯಿಲ್ ಎಂದರೆ ಎಪಿಐ ಪಟ್ಟಿಯ ತೀರಾ ಕೆಳಗಿನ ಎಸ್‌ಎ, ಎಸ್‌ಬಿ. 1930ರ ನಂತರದ ಹೆಚ್ಚಿನ ಎಂಜಿನ್‌ಗಳಿಗೆ ಎಸ್‌ಎ ತಕ್ಕುದಲ್ಲ, 1951ರ ನಂತರದವಕ್ಕೆ ಎಸ್‌ಬಿ ತಕ್ಕುದಲ್ಲ ಎಂದು ಎಪಿಐ ತಾನೇ ಎಚ್ಚರಿಸುತ್ತದೆ. ನಮ್ಮದು 1966ರದು. ‘ಹಳೆಯದು’ ಎಂಬ ಒಂದೇ ಕಾರಣಕ್ಕೆ 1920ರ ಗಾಡಿಗೆ ಬೇಕಾದ ಔಷಧಿಯನ್ನು ಇದಕ್ಕೆ ಕುಡಿಸಬೇಕೇ?

ಭಾವ, 8:55
ಹಾಗಾದರೆ 20ಡಬ್ಲ್ಯು-50 ತರುತ್ತೇನೆ. ಮುಗಿಯಿತಲ್ಲ.

ನಾನು, 8:56
ಮುಗಿಯಲಿಲ್ಲ. ಈ ಎಂಜಿನ್ ಒಳಗೆ ಏನಿದೆ ಎಂದು ತಿಳಿಯದೆ ಯಾವ ಆಯಿಲ್ ಎಂದು ಹೇಳಲು ಬರುವುದಿಲ್ಲ.

ತಮ್ಮ, 9:48
ಪ್ಲಗ್ ಬಿಚ್ಚಿದೆ. ಅಕ್ಕ ಹೇಳಿದ್ದೇ ಸರಿ, ಟ್ಯಾಂಕ್‌ನಲ್ಲಿ ಇಲ್ಲದ ಆಯಿಲ್ ಎಲ್ಲಾ ಇಲ್ಲಿಂದ ಬಂತು. ಪಾತ್ರೆ ತುಂಬಿ ಇನ್ನೊಂದು ಇಡಬೇಕಾಯಿತು. ಜಾಲರಿಯ ಫೋಟೊ ನೋಡಿ.
(ಫೋಟೊ)

ನಾನು, 9:55
ಆ ಕಪ್ಪು ಪೇಸ್ಟನ್ನು ಸ್ವಲ್ಪ ಬೆರಳಲ್ಲಿ ತೆಗೆದು ಬಿಳಿ ಹಾಳೆಯ ಮೇಲೆ ತೆಳ್ಳಗೆ ಸವರು. ಬೆಳಕಿಗೆ ಓರೆಯಾಗಿ ಹಿಡಿದು ನೋಡು, ಬೆಳ್ಳಿಯಂತೆ ಮಿನುಗುವ ಚೂರುಗಳಿವೆಯೇ? ಆಮೇಲೆ ಹಾಳೆಯ ಹಿಂದೆ ಅಯಸ್ಕಾಂತ ಆಡಿಸು.

ತಮ್ಮ, 10:10
ಮಿನುಗುವುದು ಏನೂ ಇಲ್ಲ. ಅಯಸ್ಕಾಂತಕ್ಕೆ ಕೂದಲೆಳೆಯಂತಹ ಒಂದೆರಡು ಚೂರು ಓಡಾಡಿದವು, ಅಷ್ಟೇ. ಉಳಿದದ್ದೆಲ್ಲ ಬರೀ ಮಸಿ, ಕೈಗೆ ನುಣ್ಣಗೆ ಅಂಟುತ್ತದೆ.

ನಾನು, 10:34
ಒಳ್ಳೆಯ ಸುದ್ದಿ, ಬೇರಿಂಗ್ ಉದುರುತ್ತಿಲ್ಲ. ಆದರೆ ಆ ಮಸಿಯೇ ನನ್ನ ಚಿಂತೆ. ದೊಡ್ಡಪ್ಪ, ಇದನ್ನು ತಾಳ್ಮೆಯಿಂದ ಓದಿ.

ಈ ಎಂಜಿನ್‌ನಲ್ಲಿ ಇರುವ ಸೋಸುವ ವ್ಯವಸ್ಥೆ ಎಂದರೆ ಎರಡು ತಂತಿಯ ಜಾಲರಿ, ಅವು ದಪ್ಪ ಕಸವನ್ನಷ್ಟೇ ತಡೆಯುತ್ತವೆ. ನಯವಾದ ಮಸಿಯನ್ನು ಹಿಡಿಯಲು ಕ್ರ್ಯಾಂಕ್‌ನ ಒಳಗೇ ಒಂದು ಕೊಳವೆ ಇಟ್ಟಿದ್ದಾರೆ, ಅದೇ ಸ್ಲಡ್ಜ್ ಟ್ರ್ಯಾಪ್. ಬಿಗ್ ಎಂಡ್‌ಗೆ ಹೋಗುವ ಆಯಿಲ್ ಅದರ ಮೂಲಕವೇ ಹೋಗಬೇಕು. ಕ್ರ್ಯಾಂಕ್ ತಿರುಗುವ ರಭಸಕ್ಕೆ ಭಾರವಾದ ಕಣಗಳು ಹೊರಗೋಡೆಗೆ ಹೋಗಿ ಅಂಟಿಕೊಳ್ಳುತ್ತವೆ, ಶುದ್ಧ ಆಯಿಲ್ ಮುಂದೆ ಹೋಗುತ್ತದೆ. ಬಹಳ ಜಾಣತನದ ಏರ್ಪಾಡು. ಆದರೆ ಅದನ್ನು ಖಾಲಿ ಮಾಡಲು ಕ್ರ್ಯಾಂಕ್ ಹೊರಗೆ ತೆಗೆಯಲೇಬೇಕು. ವರ್ಷಗಳು ಕಳೆದಂತೆ ಮಡ್ಡಿ ಒಣಗಿದ ಜೇಡಿಮಣ್ಣಿನಂತೆ ಗಟ್ಟಿಯಾಗುತ್ತದೆ, ದಾರಿ ಕಿರಿದಾಗುತ್ತದೆ, ಒಂದು ದಿನ ಬಿಗ್ ಎಂಡ್‌ಗೆ ಆಯಿಲ್ ನಿಲ್ಲುತ್ತದೆ. ಆಗ ಮುರಿದ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಕೇಸ್ ಒಡೆದು ಹೊರಗೆ ಬಂದರೂ ಆಶ್ಚರ್ಯವಿಲ್ಲ.

ಡಿಟರ್ಜೆಂಟ್ ಭಯ ಹುಟ್ಟಿದ್ದು ಇಲ್ಲಿಂದ. ಡಿಟರ್ಜೆಂಟ್ ಇಲ್ಲದ ಆಯಿಲ್ ಮಸಿಯನ್ನು ತಳಕ್ಕೆ ಇಳಿಯಲು ಬಿಡುತ್ತದೆ. ಈಗಿನ ಆಯಿಲ್ ಮಸಿಯನ್ನು ತನ್ನಲ್ಲೇ ತೇಲಿಸಿಕೊಂಡು, ಬದಲಿಸುವಾಗ ಜೊತೆಗೇ ಹೊರಗೆ ಒಯ್ಯುತ್ತದೆ. ಸ್ವಚ್ಛವಾದ ಎಂಜಿನ್‌ಗೆ ಎರಡನೆಯದೇ ಉತ್ತಮ. ಕೊಳವೆ ಮಡ್ಡಿಯಿಂದ ತುಂಬಿದ್ದರೆ ಹೊಸ ಆಯಿಲ್ ಅದರಿಂದ ಒಂದು ತುಂಡನ್ನು ಸಡಿಲಿಸಿ ಕಿರಿದಾದ ದಾರಿಗೆ ನೂಕಬಹುದು. ಹಳೆಯ ಆಯಿಲನ್ನೇ ಮುಂದುವರಿಸಿದರೂ ಕೊಳವೆ ಇನ್ನಷ್ಟು ತುಂಬುತ್ತದೆಯೇ ಹೊರತು ಖಾಲಿಯಾಗುವುದಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಅದನ್ನು ಕೊನೆಯ ಬಾರಿ ಸ್ವಚ್ಛ ಮಾಡಿದ್ದು ಯಾವಾಗ?

ದೊಡ್ಡಪ್ಪ, 10:50
ಅಪ್ಪ ಇದ್ದಾಗಲೇ ಒಮ್ಮೆ ಕ್ರ್ಯಾಂಕ್ ತೆಗೆಸಿದ್ದರು. ಶೆಲ್ ಬದಲಿಸಿದ್ದು ನಿಜ, ಹಳೆಯ ಶೆಲ್‌ಗಳನ್ನು ನನ್ನ ಕೈಗೇ ಕೊಟ್ಟಿದ್ದರು. ಕೊಳವೆ ತೆಗೆದರೋ ಇಲ್ಲವೋ ನೆನಪಿಲ್ಲ. ಆದರೆ ಒಂದು ಮಾತು. ಚೆನ್ನಾಗಿ ಓಡುವ ಎಂಜಿನ್ ಬಿಚ್ಚಬಾರದು. ಬಿಚ್ಚಿದ ಮೇಲೆ ಮೊದಲಿನಂತೆ ಕೂರಿಸುವವರು ಎಲ್ಲಿದ್ದಾರೆ? ಅದು ಅಪ್ಪನ ಕೈ ಮುಟ್ಟಿದ ಎಂಜಿನ್.

ಅತ್ತೆ, 10:53
ಅಣ್ಣನ ಮಾತು ನನಗೂ ಸರಿ ಎನಿಸುತ್ತದೆ. ಸುಮ್ಮನೆ ಇರುವುದನ್ನು ಕೆದಕುವುದು ಏಕೆ?

ನಾನು, 11:02
ಅತ್ತೆ, ಅಜ್ಜನ ಕೈ ಮುಟ್ಟಿದ್ದು ಎಂಬುದಕ್ಕೇ ನಾನು ಇಷ್ಟು ಹೇಳುತ್ತಿರುವುದು. ಅದು ಮೂಲೆಯಲ್ಲಿ ನಿಲ್ಲುವುದಾದರೆ ಏನೂ ಬಿಚ್ಚುವುದು ಬೇಡ. ಓಡಬೇಕು ಎಂದಾದರೆ, ಶೆಲ್ ಹಾಕಿ ಕೊಳವೆ ಬಿಟ್ಟಿದ್ದರೋ ಎಂಬ ಅನುಮಾನ ಇಟ್ಟುಕೊಂಡು ಅದರ ಮೇಲೆ ಯಾರನ್ನೂ ಕೂರಿಸಲು ನನಗೆ ಮನಸ್ಸಿಲ್ಲ. ಈ ಎಂಜಿನ್ ಚೆನ್ನಾಗಿ ಓಡುತ್ತಲೇ ಇರುತ್ತದೆ, ಕೊಳವೆ ಪೂರ್ತಿ ಮುಚ್ಚುವವರೆಗೆ. ಮುಂಚೆ ಸದ್ದು ಮಾಡಿ ಹೇಳುವುದಿಲ್ಲ.

ಭಾವ, 11:10
ಕ್ಲಚ್ ವಿಷಯ ಉಳಿಯಿತು.

ನಾನು, 11:18
ನಮ್ಮದರಲ್ಲಿ ಕ್ಲಚ್‌ಗೆ ಬೇರೆ ಆಯಿಲ್, ಎಂಜಿನ್‌ನ ಆಯಿಲ್ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಘರ್ಷಣೆ ಕಡಿಮೆ ಮಾಡುವ ಆಯಿಲ್ ಬೇಡ ಎಂಬ ಎಚ್ಚರಿಕೆ ಕ್ಲಚ್ ಇರುವ ಪೆಟ್ಟಿಗೆಗೆ, ಅಂದರೆ ಪ್ರೈಮರಿ ಚೈನ್‌ಕೇಸ್‌ಗೆ ಸಲ್ಲುತ್ತದೆ. ಅಲ್ಲಿಗೆ ಜಾಸೊ ಎಂಎ ಗುರುತಿನ (ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಜಾರದಿರಲು ಇರುವ ಜಪಾನಿನ ದರ್ಜೆ) ತೆಳು ಆಯಿಲ್ ಸಾಕು. ಗೇರ್‌ಬಾಕ್ಸ್‌ಗೆ ಮೂರನೆಯದು, ಇಪಿ 90. ಡಬ್ಬದ ಮೇಲೆ ಜಿಎಲ್-4 ಎಂದಿರಲಿ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಅಂತಹ ಕೆಲವು ಆಯಿಲ್‌ಗಳು ಕಂಚಿನ ಬುಷ್‌ಗಳನ್ನು ತಿನ್ನುತ್ತವೆ.

ದೊಡ್ಡಪ್ಪ, ಮಧ್ಯಾಹ್ನ 1:05
ಊಟ ಮಾಡಿ ಮತ್ತೆ ಎಲ್ಲವನ್ನೂ ಓದಿದೆ. ಭಾನುವಾರ ಸ್ಟಾರ್ಟ್ ಮಾಡುವುದು ಬೇಡ. ಬಿಚ್ಚಿ. ಆದರೆ ಬಿಚ್ಚುವಾಗ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಪ್ರತಿ ಬೋಲ್ಟ್ ಎಲ್ಲಿಂದ ಬಂತು ಎಂದು ಬರೆದಿಡಬೇಕು.

ನಾನು, 1:07
ಖಂಡಿತ, ದೊಡ್ಡಪ್ಪ. ನೀವು ಹೇಳಿ, ನಾನು ಬರೆಯುತ್ತೇನೆ.

ಭಾವ, 1:12
ಆ ಡಬ್ಬ ನನ್ನ ಕಾರಿಗೆ ಆಗುತ್ತದೆ. ಎಂಜಿನ್ ಸ್ವಚ್ಛವಾದ ಮೇಲೆ ಸಿಂಥೆಟಿಕ್ 20ಡಬ್ಲ್ಯು-50 ತರಲೇ, ಸಾದಾ ಮಿನರಲ್ ತರಲೇ?

ನಾನು, 1:20
ಮಿನರಲ್ ತನ್ನಿ. ಫಿಲ್ಟರ್ ಇಲ್ಲದ ಎಂಜಿನ್‌ಗೆ ಮಸಿ ಹೊತ್ತ ಆಯಿಲನ್ನು ಎರಡು ಸಾವಿರ ಕಿಲೋಮೀಟರ್‌ಗೆ ಬದಲಿಸಬೇಕು, ಓಡಿಸದಿದ್ದರೂ ವರ್ಷಕ್ಕೊಮ್ಮೆ. ಅಷ್ಟು ಬೇಗ ಚೆಲ್ಲುವುದಕ್ಕೆ ಸಿಂಥೆಟಿಕ್ ಬೇಕಿಲ್ಲ.

ತಮ್ಮ, 1:26
ಅಕ್ಕ, ಕೊಳವೆ ಹೊರಗೆ ಬರುವುದು ಹೇಗೆ? ಸುಮ್ಮನೆ ಎಳೆಯಬಹುದೇ?

ನಾನು, 1:35
ಎಳೆಯಬೇಡ. ಕ್ರ್ಯಾಂಕ್ ತುದಿಯಲ್ಲಿ ಸ್ಕ್ರೂ ಪ್ಲಗ್ ಇರುತ್ತದೆ, ತಿರುಗದಂತೆ ಪಂಚ್ ಹೊಡೆದಿರುತ್ತಾರೆ. ಆ ಪಂಚ್ ಗುಳಿಯನ್ನು ಮೊದಲು ಸಣ್ಣ ಡ್ರಿಲ್‌ನಿಂದ ತೆಗೆಯಬೇಕು. ಫ್ಲೈವೀಲ್‌ನ ಬೋಲ್ಟ್‌ಗಳಲ್ಲಿ ಒಂದರ ತುದಿ ಕೊಳವೆಯ ಒಳಗೆ ಹೊಕ್ಕು ಅದನ್ನು ಹಿಡಿದಿರುತ್ತದೆ. ಅದನ್ನು ಬಿಚ್ಚದೆ ಎಳೆದರೆ ಕೊಳವೆ ಹರಿಯುತ್ತದೆ.

ದೊಡ್ಡಪ್ಪ, 1:41
ಪ್ಲಗ್ ಮೇಲೆ ಎಷ್ಟು ಪಂಚ್ ಗುರುತು ಇದೆ ಎಂದು ಮೊದಲು ನೋಡಿ. ಒಂದೇ ಇದ್ದರೆ ಕಾರ್ಖಾನೆಯಿಂದ ಬಂದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ ಎಂದೇ ಲೆಕ್ಕ.