ಪದಚರ್ಚೆ: ಜೋನ್ ಆಫ್ ಆರ್ಕ್ 'ಸಂತ ಯೋಧೆ'ಯೇ? ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಕಾರ್ಲ್ ಡ್ರೆಯರ್ ಅವರ 1928ರ ಮೂಕಿ ಚಿತ್ರ 'ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ನೋಡಿದವರ ಅಭಿಪ್ರಾಯಗಳನ್ನೂ ಅದರಲ್ಲಿ ಸೇರಿಸಬೇಕು. ಜೋನ್ ಹದಿನೈದನೆಯ ಶತಮಾನದ ಫ್ರಾನ್ಸಿನ ಹಳ್ಳಿ ಹುಡುಗಿ. ತನಗೆ ಸಂತರ ದನಿ ಕೇಳಿಸುತ್ತದೆ ಅಂತ ಹೇಳಿ, ಇಂಗ್ಲಿಷರ ವಿರುದ್ಧ ಫ್ರೆಂಚ್ ಪಡೆಯ ಮುಂದೆ ನಿಂತಳು. ಕೊನೆಗೆ ಸೆರೆ ಸಿಕ್ಕಿ, ಚರ್ಚಿನ ವಿಚಾರಣೆ ಎದುರಿಸಿ, ಬೆಂಕಿಗೆ ಬಲಿಯಾದಳು. ಅವಳ ಬಗ್ಗೆ ಮಾತಾಡುವಾಗ ನಮ್ಮವರ ಬಾಯಲ್ಲಿ ಸಲೀಸಾಗಿ ಬರುವ ಪದಗಳು ನಾಲ್ಕು: ಸಂತ, ಯೋಧೆ, ವೀರವನಿತೆ, ಹುತಾತ್ಮೆ. ಮೊದಲ ಎರಡನ್ನು ಜೋಡಿಸಿ 'ಸಂತ ಯೋಧೆ' ಅನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಚಿತ್ರದಲ್ಲಿ ಕಾಣುವ ಹುಡುಗಿಗೆ ಈ ಜೋಡಿಪದ ಹೊಂದುವುದಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದ ಇದ್ದರೆ ಕೊಡಿ.

'ಯೋಧೆ'ಯಿಂದ ಶುರುಮಾಡೋಣ. ಈ ಚಿತ್ರದಲ್ಲಿ ಯುದ್ಧವೇ ಇಲ್ಲ. ಜೋನ್ ಹೆಸರು ಮಾಡಿದ್ದು 1429ರಲ್ಲಿ. ಮೇ 8ರಂದು ಇಂಗ್ಲಿಷರು ಓರ್ಲೆಯಾನ್ ನಗರದ ಮುತ್ತಿಗೆ ಬಿಟ್ಟು ಹಿಂದೆ ಸರಿದರು. ಜುಲೈ 17ರಂದು ರೀಮ್ಸ್‌ನಲ್ಲಿ ಫ್ರಾನ್ಸಿನ ರಾಜ ಏಳನೆಯ ಚಾರ್ಲ್ಸ್‌ಗೆ ಪಟ್ಟಾಭಿಷೇಕ ಆಯಿತು. ಅವಳಿಗೆ ಆಗ ಹದಿನೇಳು ವರ್ಷದ ಆಸುಪಾಸು. ಡ್ರೆಯರ್ ಇದು ಯಾವುದನ್ನೂ ತೋರಿಸುವುದಿಲ್ಲ. ಚಿತ್ರ ಶುರುವಾಗುವುದೇ 1431ರಲ್ಲಿ, ರೂಆನ್ ಊರಿನ ವಿಚಾರಣೆಯ ಕೋಣೆಯಲ್ಲಿ. ತಿಂಗಳುಗಟ್ಟಲೆ ನಡೆದ ವಿಚಾರಣೆ ಒಂದೇ ದಿನದಲ್ಲಿ ಮುಗಿದಂತೆ ಕಾಣುತ್ತದೆ. ಉದ್ದಕ್ಕೂ ಮುಖಗಳು. ಬಣ್ಣ ಹಚ್ಚದ, ಸುಕ್ಕು, ಬೆವರು, ನರುಳ್ಳೆ ಎಲ್ಲ ಕಾಣುವ ಮುಖಗಳು. ಅವುಗಳ ನಡುವೆ ಜೋನ್ ಆಗಿ ನಟಿ ಫಾಲ್ಕೊನೆಟ್ಟಿ.

ಹಾಗಾಗಿ ನೋಡುಗರು ಎರಡು ಗುಂಪಾಗುತ್ತಾರೆ. ಕುದುರೆ, ಕತ್ತಿ, ಕೋಟೆ ನೋಡಲು ಹೋದವರು 'ಬರೀ ಮುಖ, ಬರೀ ಅಳು' ಅನ್ನುತ್ತಾರೆ. ಇನ್ನೊಂದು ಗುಂಪು ಆ ಮುಖದ ಮುಂದೆ ಮಾತೇ ಹೊರಡಲಿಲ್ಲ ಅನ್ನುತ್ತದೆ. ನಾನು ಎರಡನೆಯ ಗುಂಪಿನವನು. ಆದರೂ ಮೊದಲಿನವರ ನಿರಾಸೆಗೆ ಅರ್ಧ ಕಾರಣ ನಾವು ಬಳಸುವ ಪದ. 'ಯೋಧೆಯ ಚಿತ್ರ' ಅಂತ ಹೇಳಿ ಕಳಿಸಿದರೆ ಅವರು ಯುದ್ಧವನ್ನೇ ಹುಡುಕುತ್ತಾರೆ, ಅಲ್ವಾ? ವಿಕ್ಟರ್ ಫ್ಲೆಮಿಂಗ್ ಅವರ 1948ರ ಬಣ್ಣದ ಚಿತ್ರಕ್ಕೆ ಆ ಪದ ನಡೆಯುತ್ತದೆ. ಅಲ್ಲಿ ಇಂಗ್ರಿಡ್ ಬರ್ಗ್‌ಮನ್ ಕವಚ ತೊಟ್ಟು ಕೋಟೆಗೆ ಲಗ್ಗೆ ಹಾಕುತ್ತಾರೆ. ಕಣ್ಣಿಗೆ ಹಬ್ಬ. ಛಾಯಾಗ್ರಹಣಕ್ಕೂ ಉಡುಪಿಗೂ ಆಸ್ಕರ್ ಬಂತು. ಅದು ಬೇರೆಯೇ ಚಿತ್ರ.

ಇನ್ನೊಂದು ಮಾತು. ವಿಚಾರಣೆಯ ದಾಖಲೆಗಳು ಉಳಿದಿವೆ. ಡ್ರೆಯರ್ ಅವುಗಳನ್ನು ಆಧರಿಸಿಯೇ ಚಿತ್ರ ಮಾಡಿದ್ದು. ಬಾವುಟ ಇಷ್ಟವೋ ಕತ್ತಿ ಇಷ್ಟವೋ ಅಂತ ಕೇಳಿದ್ದಕ್ಕೆ ಜೋನ್ ಕೊಟ್ಟ ಉತ್ತರ ಆ ದಾಖಲೆಯಲ್ಲಿದೆ. ಕತ್ತಿಗಿಂತ ಬಾವುಟ ನಲವತ್ತು ಪಟ್ಟು ಇಷ್ಟ. ಯಾರನ್ನೂ ಕೊಲ್ಲಬಾರದು ಅಂತಲೇ ದಾಳಿಯ ಹೊತ್ತಿನಲ್ಲಿ ಬಾವುಟ ಹಿಡಿಯುತ್ತಿದ್ದೆ. ಒಬ್ಬರನ್ನೂ ಕೊಂದಿಲ್ಲ. ಓರ್ಲೆಯಾನ್‌ನಲ್ಲಿ ಬಾಣ ತಗುಲಿ ಗಾಯಗೊಂಡವಳು ಅವಳು. ಅಂದರೆ ಹಿಂದೆ ನಿಂತವಳಲ್ಲ. ಮುಂದೆ ನಿಂತು, ಕೊಲ್ಲದೆ ಇದ್ದವಳು. ಕನ್ನಡದ ಪತ್ರಿಕೆಗಳಲ್ಲಿ 'ಯೋಧ' ಅಂದರೆ ಇವತ್ತು ಸಮವಸ್ತ್ರದ ಸೈನಿಕ. ಆ ಅರ್ಥ ಇವಳಿಗೆ ಹೇಗೆ ಕೂರುತ್ತದೆ?

'ವೀರವನಿತೆ' ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಒನಕೆ ಓಬವ್ವ. ಆ ಪದ ಅವಳಿಗೇ ಅಂಟಿಕೊಂಡುಬಿಟ್ಟಿದೆ. ಅದನ್ನು ಅಲ್ಲೇ ಬಿಡೋಣ.

ಆದರೆ 'ವೀರ' ಅನ್ನುವ ಭಾಗವನ್ನು ನಾನು ಬಿಡಲು ತಯಾರಿಲ್ಲ. ಈ ಪದಕ್ಕೆ ಆಯುಧ ಬೇಕೇ ಬೇಕು ಅಂತ ನಮ್ಮ ಹಿರಿಯರು ಎಂದೂ ಹೇಳಲಿಲ್ಲ. ಕಾವ್ಯದ ಲಕ್ಷಣ ಹೇಳಿದವರು ವೀರರಸದಲ್ಲಿ ಯುದ್ಧವೀರ, ದಾನವೀರ, ದಯಾವೀರ, ಧರ್ಮವೀರ ಅಂತ ಬಗೆಗಳನ್ನು ಮಾಡಿದರು. ಅದರಲ್ಲಿ ಕತ್ತಿ ಹಿಡಿದವನು ಒಬ್ಬನೇ. ಕರ್ಣನನ್ನು ನಾವು ದಾನಶೂರ ಅನ್ನುವುದೂ ಇದೇ ಲೆಕ್ಕದಲ್ಲಿ. 'ವೀರವ್ರತ' ಅಂದರೂ ಯುದ್ಧಕ್ಕೆ ಹೋಗುವುದಲ್ಲ. ಹಿಡಿದ ವ್ರತವನ್ನು ಏನೇ ಆದರೂ ಬಿಡದೆ ಇರುವುದು. ಚಿತ್ರದ ಜೋನ್ ಮಾಡುವುದು ಅದನ್ನೇ. ಕಾಲಿಗೆ ಸಂಕೋಲೆ. ಎದುರಿಗೆ ಓದಿದವರ ಸಾಲು. ಬೊವೆಯ ಬಿಷಪ್ ಪಿಯೆರ್ ಕೋಶೋನ್ ಮುಖ್ಯ ನ್ಯಾಯಾಧೀಶ. ಓದು ಬರಹ ಬಾರದ ಹಳ್ಳಿ ಹುಡುಗಿ ಒಬ್ಬಳೇ. 'ನಿನ್ನ ಮೇಲೆ ದೇವರ ಕೃಪೆ ಇದೆಯಾ?' ಅಂತ ಕೇಳುತ್ತಾರೆ. ಹೌದು ಅಂದರೆ ಅಹಂಕಾರ, ಇಲ್ಲ ಅಂದರೆ ತಪ್ಪೊಪ್ಪಿಗೆ. ಅವಳ ಉತ್ತರ: ಇಲ್ಲದಿದ್ದರೆ ದೇವರು ನನಗೆ ಅದನ್ನು ಕೊಡಲಿ, ಇದ್ದರೆ ಉಳಿಸಲಿ. ಇದು ಬರಹಗಾರರು ಬರೆದ ಸಂಭಾಷಣೆಯಲ್ಲ, ದಾಖಲೆಯ ಮಾತು. ಇದನ್ನು ವೀರ ಅನ್ನದೆ ಇನ್ನೇನನ್ನಬೇಕು?

ಹಾಗಾದರೆ 'ಧರ್ಮವೀರೆ' ಅನ್ನಬಹುದೇ? ಲಕ್ಷಣದ ಪ್ರಕಾರ ಸರಿ. ಆದರೆ ಇವತ್ತು 'ಧರ್ಮವೀರ' ಅಂದರೆ ತನ್ನ ಮತದ ಪರ ಬೇರೆ ಮತದವರ ಎದುರು ನಿಂತವನು ಅನ್ನುವ ಅರ್ಥ ಬಲವಾಗಿದೆ. ಜೋನ್ ಎದುರಿಗೆ ಕೂತವರು ಅವಳದೇ ಮತದ ಪಾದ್ರಿಗಳು. ಆದ್ದರಿಂದ ನನಗೆ 'ವೀರನಿಷ್ಠೆ' ಹೆಚ್ಚು ಹಿಡಿಸುತ್ತದೆ. ವ್ಯಕ್ತಿಗೆ ಹೆಸರಾಗಿ ಅಲ್ಲ, ಗುಣಕ್ಕೆ ಹೆಸರಾಗಿ. 'ಈ ಚಿತ್ರ ಜೋನ್ ಳ ವೀರನಿಷ್ಠೆಯ ಕಥೆ' ಅಂತ ಬರೆದರೆ ಯುದ್ಧ ಹುಡುಕುವವರಿಗೂ ದಾರಿ ತಪ್ಪುವುದಿಲ್ಲ. ಹಳತಾಯಿತು ಅನ್ನಿಸುತ್ತದೆಯೇ? ಹೇಳಿ. ಆಡುಮಾತಿನ ಕಡೆಯಿಂದ 'ಗಟ್ಟಿಗಿತ್ತಿ' ಇದೆ. ನನಗೆ ತುಂಬ ಇಷ್ಟದ ಪದ. ಆದರೆ ಗಟ್ಟಿಗಿತ್ತಿ ಅಳುವುದಿಲ್ಲ ಅನ್ನುವ ಭಾವನೆ ನಮ್ಮಲ್ಲಿದೆ. ಫಾಲ್ಕೊನೆಟ್ಟಿಯ ಜೋನ್ ಅಳುತ್ತಾಳೆ, ಹೆದರುತ್ತಾಳೆ, ಸೋಲುತ್ತಾಳೆ. ಅಳುತ್ತಲೇ ಗಟ್ಟಿಯಾಗಿರುವವಳಿಗೆ ನಮ್ಮಲ್ಲಿ ಪದ ಇರಬೇಕು.

ಇನ್ನು 'ಸಂತ'. ಇದು ಎರಡು ಕಡೆ ಎರಡು ಬಗೆಯಲ್ಲಿ ಹುಟ್ಟುವ ಪದ. ಕ್ಯಾಥೊಲಿಕರಲ್ಲಿ ಸಂತ ಅನ್ನುವುದು ಚರ್ಚ್ ವಿಚಾರಿಸಿ ಕೊಡುವ ಪದವಿ. ಜೋನ್‌ಗೆ ಅದು ಸಿಕ್ಕಿದ್ದು 1920ರ ಮೇ 16ರಂದು, ಸತ್ತು ಐನೂರು ವರ್ಷ ಆಗುತ್ತ ಬಂದಾಗ. ಡ್ರೆಯರ್ ಚಿತ್ರ ಬಂದಾಗ ಅವಳು ಸಂತಳಾಗಿ ಎಂಟೇ ವರ್ಷ. ನಮ್ಮಲ್ಲಿ ಸಂತ ಕಬೀರ, ಸಂತ ಶಿಶುನಾಳ ಶರೀಫ ಅನ್ನುವಾಗ ಯಾವ ಕಚೇರಿಯೂ ಪದವಿ ಕೊಟ್ಟಿಲ್ಲ. ಜನ ಕರೆದರು, ಉಳಿಯಿತು. ಜೊತೆಗೆ ನಮ್ಮ ಕಿವಿಗೆ ಸಂತ ಅಂದರೆ ವಯಸ್ಸಾದ, ಶಾಂತ, ಹಾಡು ಹೇಳುವ ಮನುಷ್ಯ. ಹತ್ತೊಂಬತ್ತರ ಹುಡುಗಿ, ಗಂಡಸಿನ ಉಡುಪು, ಕತ್ತರಿಸಿದ ಕೂದಲು, ಎದುರುತ್ತರ ಕೊಡುವ ನಾಲಿಗೆ ಆ ಕಲ್ಪನೆಯಲ್ಲಿ ಕೂರುವುದಿಲ್ಲ. ಹಾಗಾಗಿ ಪದವಿ ಹೇಳುವಾಗ ಮಾತ್ರ 'ಸಂತ ಜೋನ್' ಅನ್ನೋಣ. ಗುಣ ಹೇಳುವಾಗ ಬೇಡ. ಹೆಣ್ಣಿಗೆ ಬೇರೆ ರೂಪ ಬೇಕೇ ಅನ್ನುವ ಪ್ರಶ್ನೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಂತ ಫಿಲೋಮಿನಾ, ಸಂತ ತೆರೇಸಾ ಅಂತಲೇ ಬಳಕೆ ಇದೆ.

'ಹುತಾತ್ಮ' ವಿಚಾರ ಇನ್ನೂ ಸ್ವಾರಸ್ಯದ್ದು. 'ಹುತ' ಅಂದರೆ ಬೆಂಕಿಗೆ ಅರ್ಪಿಸಿದ್ದು. ಆಹುತಿ, ಹುತಾಶನ ಎಲ್ಲ ಅದೇ ಕುಟುಂಬ. ಈಗ ನಾವು ಗುಂಡೇಟಿಗೆ ಸತ್ತವರಿಗೂ ಈ ಪದ ಬಳಸುತ್ತೇವೆ. ಗಾಂಧೀಜಿ ತೀರಿಕೊಂಡ ಜನವರಿ 30 ಹುತಾತ್ಮರ ದಿನ. 'ಯೋಧ ಹುತಾತ್ಮ' ಅನ್ನುವುದು ಪತ್ರಿಕೆಯ ಖಾಯಂ ತಲೆಬರಹ. ಬೆಂಕಿಯ ಅರ್ಥ ಮಾಸಿಹೋಗಿದೆ. 1431ರ ಮೇ 30ರಂದು ರೂಆನ್‌ನ ಹಳೆ ಮಾರುಕಟ್ಟೆಯಲ್ಲಿ ಜೋನ್‌ಳನ್ನು ಜೀವಂತ ಸುಟ್ಟರು. ಅಕ್ಷರದ ಅರ್ಥದಲ್ಲಿ ಈ ಪದ ಅವಳಷ್ಟು ಯಾರಿಗೂ ಹೊಂದಲಾರದು. ಆದರೆ ಚರ್ಚ್ ಅವಳನ್ನು ಹುತಾತ್ಮರ ಪಟ್ಟಿಗೆ ಸೇರಿಸಲೇ ಇಲ್ಲ. ಸಂತ ಪದವಿ ಕೊಟ್ಟದ್ದು ಕನ್ಯೆ ಅಂತ. ತೀರ್ಪು ಕೊಟ್ಟು ಇಂಗ್ಲಿಷರ ಕೈಗೆ ಒಪ್ಪಿಸಿದ್ದು ಚರ್ಚಿನದೇ ನ್ಯಾಯಾಲಯ ಅನ್ನುವುದನ್ನು ಮರೆಯಬಾರದು. ಆ ತೀರ್ಪು ರದ್ದಾದದ್ದು 1456ರಲ್ಲಿ. ಆದ್ದರಿಂದ ಕ್ರೈಸ್ತರ ಲೆಕ್ಕದಲ್ಲಿ 'ಹುತಾತ್ಮೆ' ತಪ್ಪು, ಕನ್ನಡದ ಲೆಕ್ಕದಲ್ಲಿ ಸರಿ. ನಾನು ಕನ್ನಡದ ಲೆಕ್ಕ ಹಿಡಿಯುತ್ತೇನೆ. (ಚಿತ್ರದ ಮೂಲ ನೆಗೆಟಿವ್ ಕೂಡ 1928ರಲ್ಲೇ ಬರ್ಲಿನ್‌ನಲ್ಲಿ ಬೆಂಕಿಗೆ ಸಿಕ್ಕಿತು. 1981ರಲ್ಲಿ ಆಸ್ಲೋದ ಒಂದು ಮನೋರೋಗ ಆಸ್ಪತ್ರೆಯಲ್ಲಿ ಹಳೆಯ ಪ್ರತಿ ಸಿಗದಿದ್ದರೆ ಚಿತ್ರದ ಮೂಲ ರೂಪ ನಮಗೆ ನೋಡಲು ಸಿಗುತ್ತಿರಲಿಲ್ಲ.)

ಈಗ ನನಗೆ ನಿಜಕ್ಕೂ ತೊಡಕಾಗಿರುವ ಜಾಗ. ಸುಡುವಾಗ ಅವಳ ತಲೆಗೆ ಒಂದು ಟೋಪಿ ಹಾಕಿದ್ದರು. ಅದರ ಮೇಲೆ ನಾಲ್ಕು ಆರೋಪ. ಒಂದು, ಪಾಷಂಡಿ. ಇದು ಕನ್ನಡದಲ್ಲಿ ಹಳೆಯ ಪದ, ಚೆನ್ನಾಗಿ ಹೊಂದುತ್ತದೆ. ಎರಡು, ಮತಭ್ರಷ್ಟೆ. ಅದೂ ನಡೆಯುತ್ತದೆ. ಇನ್ನೊಂದು, ವಿಗ್ರಹಾರಾಧಕಿ. ಇದನ್ನು ಕನ್ನಡದಲ್ಲಿ ಓದಿದರೆ ಬೈಗುಳ ಅನ್ನಿಸುವುದೇ ಇಲ್ಲ. ವಿಗ್ರಹ ಪೂಜಿಸಿದರೆ ಏನು ತಪ್ಪು ಅಂತ ಓದುಗ ಕೇಳುತ್ತಾನೆ. 'ಸುಳ್ಳುದೇವರ ಪೂಜೆ ಮಾಡಿದವಳು' ಅಂತ ಬಿಡಿಸಿ ಹೇಳುವುದೇ ವಾಸಿ.

ಉಳಿದದ್ದು, ಒಮ್ಮೆ ಬಿಟ್ಟ ತಪ್ಪಿಗೆ ಮತ್ತೆ ಬಿದ್ದವಳು ಅನ್ನುವ ಆರೋಪ. ಇದೇ ಅವಳ ಜೀವ ತೆಗೆದದ್ದು. ಮೇ 24ರಂದು ಬೆಂಕಿಯ ಭಯಕ್ಕೆ ಅವಳು ತಪ್ಪೊಪ್ಪಿಗೆಗೆ ಗುರುತು ಹಾಕಿದಳು. ಶಿಕ್ಷೆ ಜೀವಾವಧಿ ಸೆರೆಗೆ ಇಳಿಯಿತು. ಕೆಲವೇ ದಿನದಲ್ಲಿ ಒಪ್ಪಿಗೆಯನ್ನು ವಾಪಸ್ ತೆಗೆದುಕೊಂಡಳು. ಚಿತ್ರದಲ್ಲಿ ಅವಳ ತಲೆ ಬೋಳಿಸಿ, ಬಿದ್ದ ಕೂದಲನ್ನು ಗುಡಿಸುತ್ತಾರೆ. ಅವಳೇ ಹೆಣೆದಿದ್ದ ಹುಲ್ಲಿನ ಕಿರೀಟವೂ ಕಸದ ಜೊತೆ ಹೋಗುತ್ತದೆ. ಅದನ್ನು ನೋಡಿ ನ್ಯಾಯಾಧೀಶರನ್ನು ಕರೆಯಿರಿ ಅಂತ ಕೂಗುತ್ತಾಳೆ. ನನ್ನ ಮಟ್ಟಿಗೆ ಇಡೀ ಚಿತ್ರ ಇರುವುದು ಆ ಕೂಗಿನಲ್ಲಿ. ಇದನ್ನು ವಿವರಿಸುವಾಗ 'ಮಾತು ತಪ್ಪಿದಳು' ಅಂತ ಬರೆದರೆ ಅನ್ಯಾಯ. ಕನ್ನಡದಲ್ಲಿ ಮಾತು ತಪ್ಪುವುದು ದೊಡ್ಡ ಅಪವಾದ. ನ್ಯಾಯಾಧೀಶರ ಕಣ್ಣಲ್ಲಿ ಅವಳು ಮಾತು ತಪ್ಪಿದಳು. ನಮ್ಮ ಕಣ್ಣಲ್ಲಿ ಮೊದಲು ತಪ್ಪಿದ್ದು ಸಹಿ ಹಾಕಿದಾಗ, ಈಗ ತನ್ನ ಮಾತಿಗೆ ಮರಳಿದಳು. ಒಂದೇ ಕೆಲಸಕ್ಕೆ ಎರಡು ಕಡೆಯ ಹೆಸರು ಬೇಕು. 'ಮರುಪತನ' ಅನ್ನೋಣವೇ? ನನಗೆ ಪುಸ್ತಕದ ಪದ ಅನ್ನಿಸುತ್ತದೆ. 'ಮತ್ತೆ ಜಾರಿದವಳು' ಅಂದರೆ ನಡತೆಯ ಮಾತು ಅನ್ನುವ ಬೇರೆ ಅರ್ಥ ಬರುತ್ತದೆ. ಇಲ್ಲಿ ಸಹಾಯ ಬೇಕು.

ಚಿಕ್ಕದೊಂದು ವಿಷಯ. ಅವಳಿಗೆ ಕೇಳಿಸುತ್ತಿದ್ದ ದನಿಗಳನ್ನು 'ಅಶರೀರವಾಣಿ' ಅನ್ನಬೇಡಿ. ಸಂತ ಮೈಕೆಲ್, ಕ್ಯಾಥರೀನ್, ಮಾರ್ಗರೆಟ್ ಅವರನ್ನು ಈ ಮೈಯ ಕಣ್ಣಿಂದಲೇ ಕಂಡೆ, ನಿಮ್ಮನ್ನು ನೋಡುವಷ್ಟೇ ಸ್ಪಷ್ಟವಾಗಿ, ಅಂತ ಅವಳು ನ್ಯಾಯಾಲಯದಲ್ಲಿ ಹೇಳಿದಳು. ಶರೀರ ಇಲ್ಲದ ವಾಣಿ ಅಂದರೆ ಅವಳ ಹೇಳಿಕೆಯನ್ನೇ ತಳ್ಳಿಹಾಕಿದಂತೆ. 'ದನಿಗಳು' ಸಾಕು.

'ಅವಳು' ಅನ್ನಬೇಕೋ 'ಅವರು' ಅನ್ನಬೇಕೋ ಅಂತಲೂ ಕೇಳುವವರಿದ್ದಾರೆ. ಭಕ್ತಿಯಿಂದ ನೋಡಿದವರು 'ಅವರು' ಅನ್ನುತ್ತಾರೆ. ನಾನು 'ಅವಳು' ಅಂತಲೇ ಬರೆಯುತ್ತೇನೆ. ದೇವಿಯನ್ನೇ ನಾವು 'ಅವಳು' ಅನ್ನುತ್ತೇವೆ, ಗೌರವ ಕಮ್ಮಿಯಾಗುವುದಿಲ್ಲ. ಅಲ್ಲದೆ ವಿಚಾರಣೆಯಲ್ಲಿ ನ್ಯಾಯಾಧೀಶರ ಬಾಯಲ್ಲಿ 'ನೀನು', ಅವಳ ಬಾಯಲ್ಲಿ 'ನೀವು' ಇಟ್ಟರೆ ಕನ್ನಡದ ಓದುಗನಿಗೆ ಆ ಕೋಣೆಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಎಲ್ಲರಿಗೂ 'ಅವರು' ಹಚ್ಚಿದರೆ ಆ ಅಂತರವೇ ಕಾಣೆಯಾಗುತ್ತದೆ.

ಕೊನೆಗೆ ಚಿತ್ರದ ಹೆಸರು. ಅದರಲ್ಲಿರುವ 'ಪ್ಯಾಷನ್' ಆಸೆಯಲ್ಲ, ಹುಮ್ಮಸ್ಸೂ ಅಲ್ಲ. ಯೇಸು ಶಿಲುಬೆಗೆ ಮುಂಚೆ ಅನುಭವಿಸಿದ ಸಂಕಟಕ್ಕೆ ಇರುವ ಹೆಸರು. ಹುಲ್ಲಿನ ಕಿರೀಟ, ಗೇಲಿ ಮಾಡುವ ಸೈನಿಕರು, ಎಲ್ಲವೂ ಆ ಕಡೆಗೇ ಬೆರಳು ಮಾಡುತ್ತವೆ. ಕನ್ನಡ ಬೈಬಲಿನಲ್ಲಿ 'ಕ್ರಿಸ್ತನ ಬಾಧೆಗಳು' ಅನ್ನುವ ಬಳಕೆ ಇದೆ. 'ಜೋನ್ ಳ ಬಾಧೆ' ಅಂದರೆ ಕಾಯಿಲೆಯ ವಾಸನೆ ಬರುತ್ತದೆ. 'ಯಾತನೆ' ಅಂದರೆ ಬರೀ ನೋವು. ನನ್ನ ಒಲವು 'ಜೋನ್ ಪಟ್ಟ ಪಾಡು' ಕಡೆಗೆ. ಪಾಡು ಅನ್ನುವಲ್ಲಿ ನೋವೂ ಇದೆ, ಅದನ್ನು ಹೊತ್ತು ನಡೆದದ್ದೂ ಇದೆ. 'ಏನು ಪಾಡು ಇದು' ಅನ್ನುವ ದಿನಬಳಕೆಯ ಗೊಣಗಾಟ ಅದರ ತೂಕ ಇಳಿಸುತ್ತದೆ ಅನ್ನುವುದು ಒಂದೇ ಅಳುಕು.

ಹಾಗಾಗಿ ಕೇಳುವುದು ಇಷ್ಟು: 'ವೀರನಿಷ್ಠೆ' ಇವತ್ತಿನ ಓದುಗನಿಗೆ ತಟ್ಟುತ್ತದೆಯೇ? 'ಪಾಡು' ಶೀರ್ಷಿಕೆಯಲ್ಲಿ ನಿಲ್ಲುತ್ತದೆಯೇ? ಮರುಪತನಕ್ಕೆ ಬದಲು ಬಾಯಿಗೆ ಒಗ್ಗುವ ಪದ ಯಾವುದು? ಚರ್ಚಿಗೆ ಹೋಗುವ ಗೆಳೆಯರು, ಮುಖ್ಯವಾಗಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವವರು, ನಿಮ್ಮಲ್ಲಿ ರೂಢಿಯಲ್ಲಿರುವ ಪದಗಳನ್ನು ದಯವಿಟ್ಟು ತಿಳಿಸಿ.