ಹಳೆಯ ಮೋಟಾರ್‌ಹೋಮ್‌ಗೆ ಹೊಸ ತಂತ್ರಜ್ಞಾನ: ಯಾವುದನ್ನು ಕಿತ್ತುಹಾಕಬೇಕು, ಯಾವುದನ್ನು ಉಳಿಸಬೇಕು?

ಗಾಲಿಮನೆ:

ಗಾಡಿ 1990ರ ದಶಕದ್ದು, ಡೀಸೆಲ್, ಉದ್ದ 6.5 ಮೀಟರ್. ಒಳಗಿರುವುದೆಲ್ಲ ಆಗಿನದೇ. 110 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತೆ ಎನ್ನುವ ಅಳತೆ) ಎರಡು ಲೆಡ್-ಆಸಿಡ್ ಬ್ಯಾಟರಿ, ಗ್ಯಾಸ್, 12 ವೋಲ್ಟ್, ಮೇನ್ಸ್ (ಹೊರಗಿನ ಕರೆಂಟ್) ಮೂರರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ (ಶಾಖದ ಬಲದಿಂದ ತಣಿಸುವಂಥದ್ದು), ಎರಡು ಬರ್ನರ್‌ನ ಗ್ಯಾಸ್ ಒಲೆ, 10 ವ್ಯಾಟ್‌ನ ಆರು ಹ್ಯಾಲೊಜೆನ್ ದೀಪ, ಸದಾ 13.8 ವೋಲ್ಟ್ ಮಾತ್ರ ಕೊಡುವ ಚಾರ್ಜರ್. ಸೋಲಾರ್ ಇಲ್ಲ.

ಬಳಸುವವರು ಮೂರು ತಲೆಮಾರಿನವರು. ಗ್ಯಾಸ್ ಇದ್ದರೆ ಒಲೆಯೂ ಉರಿಯುತ್ತೆ, ಫ್ರಿಜ್ಜೂ ನಡೆಯುತ್ತೆ, ಬ್ಯಾಟರಿ ದೀಪಕ್ಕಷ್ಟೇ ಸಾಕು ಅನ್ನುವುದು ಹಿರಿಯರ ವಾದ. ಕಿರಿಯರಿಗೆ ದಿನಕ್ಕೆ 6 ಗಂಟೆ ಲ್ಯಾಪ್‌ಟಾಪ್, ಉಪಗ್ರಹ ಇಂಟರ್ನೆಟ್, ರಾತ್ರಿ ಚಾವಣಿ ಫ್ಯಾನ್ ಬೇಕು. ಕರೆಂಟ್ ಸಿಗದ ಜಾಗದಲ್ಲಿ ಮೂರು ದಿನ ನಿಲ್ಲಬೇಕು, ಜನರೇಟರ್ ಬೇಡ.

ಲಿಥಿಯಂ ಬ್ಯಾಟರಿ ತಂದು ಹಳೆಯದರ ಜಾಗದಲ್ಲಿ ಕೂರಿಸಿದರೆ ಸಾಕೇ? ಫ್ರಿಜ್ ಬದಲಿಸಬೇಕೇ? ಗ್ಯಾಸ್ ಪೂರ್ತಿ ತೆಗೆದು ಇಂಡಕ್ಷನ್‌ಗೆ ಹೋಗಬಹುದೇ?

ಹನ್ನೆರಡು_ವೋಲ್ಟ್:

ಮೊದಲ ಪ್ರಶ್ನೆಗೆ ಉತ್ತರ: ಸಾಲದು. ಬ್ಯಾಟರಿಯ ಮಾತು ಆಮೇಲೆ, ಮೊದಲು ದಿನದ ಖರ್ಚಿನ ಲೆಕ್ಕ ಹಾಕೋಣ.

60 ವ್ಯಾಟ್ ಲ್ಯಾಪ್‌ಟಾಪ್ 6 ಗಂಟೆಗೆ ಸುಮಾರು 29 ಎಎಚ್. ಚಿಕ್ಕ ಉಪಗ್ರಹ ಡಿಶ್ 30 ವ್ಯಾಟ್ ಎಳೆದರೆ 8 ಗಂಟೆಗೆ 19. ಫ್ಯಾನ್ 2 ಆಂಪಿಯರ್‌ನಂತೆ 8 ಗಂಟೆಗೆ 16. ಎಲ್‌ಇಡಿ ದೀಪ, ನೀರಿನ ಪಂಪ್ ಸೇರಿ 8. ಒಟ್ಟು 72 ಎಎಚ್. ಗ್ಯಾಸ್ ಫ್ರಿಜ್ ತೆಗೆದು 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಹಾಕಿದರೆ ಇನ್ನೊಂದು 40, ಅಂದರೆ 112. ನಿಮ್ಮ 220 ಎಎಚ್ ಲೆಡ್-ಆಸಿಡ್‌ನಲ್ಲಿ ಆಯುಸ್ಸು ಕೆಡದಂತೆ ತೆಗೆಯಬಹುದಾದದ್ದು ಅರ್ಧ, 110. ಒಂದೇ ದಿನಕ್ಕೆ ಖಾಲಿ.

200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 160ರಿಂದ 180 ಧಾರಾಳವಾಗಿ ಸಿಗುತ್ತೆ. ಆದರೆ ಹಳೆಯ ತಂತಿಗಳ ನಡುವೆ ತಂದು ಕೂರಿಸಿದರೆ ನಾಲ್ಕು ಕಡೆ ಏಟು ಬೀಳುತ್ತೆ.

ಒಂದು, ಚಾರ್ಜರ್. 13.8 ವೋಲ್ಟ್‌ನಲ್ಲಿ ಲಿಥಿಯಂ ಕೊನೆಯ ಭಾಗ ತುಂಬುವುದು ಬಹಳ ನಿಧಾನ. ಅದಕ್ಕಿಂತ ಕೆಟ್ಟದ್ದು, ಸೆಲ್‌ಗಳನ್ನು ಸಮ ಮಾಡುವ ಕೆಲಸ ಬಿಎಂಎಸ್‌ನಲ್ಲಿ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಶುರುವಾಗುವುದೇ ಸೆಲ್ ವೋಲ್ಟೇಜ್ ಮೇಲಿನ ಅಂಚಿಗೆ ಬಂದಾಗ. ಅಲ್ಲಿಗೆ ತಲುಪದೇ ತಿಂಗಳುಗಟ್ಟಲೆ ಓಡಿದರೆ ಸೆಲ್‌ಗಳು ಒಂದಕ್ಕೊಂದು ತಾಳ ತಪ್ಪುತ್ತವೆ. ಆಮೇಲೆ ಒಂದು ಸೆಲ್ ಬೇಗ ಬರಿದಾಗಿ ಇಡೀ ಬ್ಯಾಟರಿ ಧಡಕ್ಕನೆ ನಿಲ್ಲುತ್ತೆ. ಚಾರ್ಜರ್ 14.2ರಿಂದ 14.4ಕ್ಕೆ ಹೋಗಬೇಕು, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5 ಇರಲಿ, ಲೆಡ್-ಆಸಿಡ್‌ಗೆಂದು ಇರುವ ಈಕ್ವಲೈಸ್ (ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಡುವುದು) ಮತ್ತು ತಾಪಮಾನ ಹೊಂದಾಣಿಕೆ ಎರಡೂ ಬಂದ್. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗದಂತೆ ತಡೆಯುವ ಬಿಎಂಎಸ್ ಇಲ್ಲದ ಬ್ಯಾಟರಿ ಕೊಳ್ಳಲೇಬೇಡಿ. ಚಳಿಯಲ್ಲಿ ಚಾರ್ಜ್ ಮಾಡಿದರೆ ಸೆಲ್‌ನೊಳಗೆ ಲಿಥಿಯಂ ಲೋಹವಾಗಿ ಕೂರುತ್ತೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ.

ಎರಡು, ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ. ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಲೆಡ್-ಆಸಿಡ್ ತುಂಬುತ್ತಾ ಬಂದಂತೆ ತಾನಾಗಿ ಕರೆಂಟ್ ಎಳೆಯುವುದು ಕಡಿಮೆ ಮಾಡುತ್ತೆ. ಲಿಥಿಯಂನ ಒಳರೋಧ ಅತಿ ಕಡಿಮೆ, ಆಲ್ಟರ್ನೇಟರ್ ಎಷ್ಟು ಕೊಟ್ಟರೂ ಬಹುತೇಕ ಕೊನೆಯತನಕ ನುಂಗುತ್ತೆ. ನಿಂತ ಗಾಡಿಯಲ್ಲಿ ಇಂಜಿನ್ ಐಡಲ್ ಇದ್ದಾಗ ಆಲ್ಟರ್ನೇಟರ್‌ನ ಫ್ಯಾನ್ ನಿಧಾನ, ಶಾಖ ಹೊರಹೋಗದೆ ಡಯೋಡ್ ಸುಡುತ್ತೆ. ನಡುವೆ ಬಿಎಂಎಸ್ ಕಡಿದುಕೊಂಡರೆ ಏಳುವ ವೋಲ್ಟೇಜ್ ಅಲೆಯಿಂದಲೂ ಅದೇ ಗತಿ. 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಆಲ್ಟರ್ನೇಟರ್‌ನಿಂದ ಎಳೆಯುವ ಕರೆಂಟ್‌ಗೆ ಮಿತಿ ಹಾಕುವಂಥದ್ದು) ಹಾಕಿ. ಸ್ಟಾರ್ಟರ್ ಬ್ಯಾಟರಿ ಕಡೆಯಿಂದ ಅದು 36 ಆಂಪಿಯರ್‌ವರೆಗೆ ಎಳೆಯುತ್ತೆ. 5-6 ಮೀಟರ್ ದೂರಕ್ಕೆ 16 ಚದರ ಮಿಮೀ ಕೇಬಲ್, ಎರಡೂ ತುದಿಯಲ್ಲಿ ಫ್ಯೂಸ್. ಸ್ಟಾರ್ಟರ್ ಬ್ಯಾಟರಿಯನ್ನೂ ಒಳಗಿನ ಬ್ಯಾಟರಿಯನ್ನೂ ಸೇರಿಸುವ ಹಳೆಯ ರಿಲೇ ಕಡ್ಡಾಯವಾಗಿ ಕಳಚಿ. ಅದು ಪಕ್ಕದಲ್ಲೇ ಉಳಿದರೆ ಡಿಸಿ-ಡಿಸಿಯಿಂದ ಹೋದ ಕರೆಂಟ್ ರಿಲೇ ಮೂಲಕ ವಾಪಸ್ ಬಂದು ಸುಮ್ಮನೆ ಸುತ್ತುತ್ತಾ ಇರುತ್ತೆ.

ಮೂರು, ಅಳತೆ. ಲೆಡ್-ಆಸಿಡ್ 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಎಂದು ಮೀಟರ್ ನೋಡಿ ಹೇಳುವ ಕಾಲ ಮುಗಿಯಿತು. ಲಿಥಿಯಂನ ವೋಲ್ಟೇಜ್ ಮಧ್ಯಭಾಗದಲ್ಲಿ ಬಹುತೇಕ ಚಪ್ಪಟೆ. ಶಂಟ್ ಬೇಕು, ಅಂದರೆ ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಅಳೆಯುವ ಸಾಧನ. ಎಲ್ಲ ನೆಗೆಟಿವ್‌ಗಳೂ ಶಂಟ್‌ನ ಲೋಡ್ ಬದಿಗೇ ಬರಬೇಕು. ಸೋಲಾರ್ ಕಂಟ್ರೋಲರ್‌ನ ನೆಗೆಟಿವ್ ಒಂದನ್ನು ನೇರ ಬ್ಯಾಟರಿಗೆ ಕೊಟ್ಟರೂ ಲೆಕ್ಕ ಪೂರ್ತಿ ಸುಳ್ಳು.

ನಾಲ್ಕು, ಫ್ಯೂಸ್. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಉಕ್ಕುತ್ತೆ. ಸಾಮಾನ್ಯ ಫ್ಯೂಸ್ ಕರಗಿದ ಮೇಲೂ ಕಿಡಿ ನಿಲ್ಲದೇ ಹೋಗಬಹುದು, ಹಾಗಾಗಿ ಬ್ಯಾಟರಿ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್. 2000 ವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದರೆ 175 ಆಂಪಿಯರ್ ಹತ್ತಿರ. 70 ಚದರ ಮಿಮೀ ಕೇಬಲ್, ಉದ್ದ 2 ಮೀಟರ್ ಮೀರದಂತೆ, 250 ಆಂಪಿಯರ್ ಫ್ಯೂಸ್.

ದೀಪಗಳದ್ದು ಸುಲಭದ ಕೆಲಸ. ಆರು ಹ್ಯಾಲೊಜೆನ್ 5 ಆಂಪಿಯರ್, ಅದೇ ಬೆಳಕಿಗೆ ಎಲ್‌ಇಡಿ 1 ಆಂಪಿಯರ್‌ಗೂ ಕಡಿಮೆ. 10-30 ವೋಲ್ಟ್ ಎಂದು ಬರೆದದ್ದೇ ತನ್ನಿ. ಒಳಗೆ ನಿಯಂತ್ರಕ ಇಲ್ಲದ ಅಗ್ಗದವು ಚಾರ್ಜಿಂಗ್ ವೋಲ್ಟೇಜ್‌ಗೇ ಸುಟ್ಟುಹೋಗುತ್ತವೆ.

ನೀಲಿಜ್ವಾಲೆ:

ಮೇಲಿನವರ ವಿದ್ಯುತ್ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಫ್ರಿಜ್ ವಿಷಯದಲ್ಲಿ ನಿಮ್ಮ ಹಿರಿಯರ ಮಾತಿಗೆ ತೂಕವಿದೆ.

ಈ ಬಗೆಯ ಅಬ್ಸಾರ್ಪ್ಷನ್ ಫ್ರಿಜ್ 1922ರಲ್ಲಿ ಸ್ವೀಡನ್‌ನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದದ್ದು. ಅಮೋನಿಯ, ನೀರು, ಹೈಡ್ರೋಜನ್, ಒಂದಿಷ್ಟು ಶಾಖ. ಒಳಗೆ ಚಲಿಸುವ ಭಾಗವೇ ಇಲ್ಲ. ಪೀಜೋ ಗುಂಡಿ ಒತ್ತಿ ಹಚ್ಚುವ ಹಳೆಯ ಮಾದರಿಯಾದರೆ ಗ್ಯಾಸ್‌ನಲ್ಲಿ ಓಡುವಾಗ ಅದಕ್ಕೆ ಬ್ಯಾಟರಿಯೇ ಬೇಡ. ಆಮೇಲೆ ಬಂದ ಸ್ವಯಂಚಾಲಿತ ಮಾದರಿಗಳಲ್ಲಿ 12 ವೋಲ್ಟ್ ಬೋರ್ಡ್ ಇದೆ. ಸಿಲಿಂಡರ್ ತುಂಬಿದ್ದರೂ ಬ್ಯಾಟರಿ ಬಿದ್ದರೆ ಫ್ರಿಜ್ ಬಂದ್. ಇದನ್ನು ಸುಧಾರಣೆ ಅನ್ನಬೇಕೋ ಬೇಡವೋ, ನೀವೇ ಹೇಳಿ.

ಇದರ ದೌರ್ಬಲ್ಯ ಮೂರು. ಗಾಡಿ ಸಮತಟ್ಟಾಗಿ ನಿಲ್ಲಬೇಕು. ಹಳೆಯ ಫ್ರಿಜ್‌ಗೆ 3 ಡಿಗ್ರಿ ವಾಲಿಕೆಯೇ ಮಿತಿ ಎಂದಿಟ್ಟುಕೊಳ್ಳಿ. ವಾಲಿದರೆ ದ್ರವ ತನ್ನ ಭಾರದಿಂದ ಹರಿದು ಬರುವುದು ನಿಲ್ಲುತ್ತೆ, ಬಾಯ್ಲರ್ ಒಣಗಿ ಕಾಯುತ್ತೆ, ತುಕ್ಕು ತಡೆಯಲು ಹಾಕಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆ ಕಟ್ಟುತ್ತೆ. ಒಮ್ಮೆ ಕಟ್ಟಿದರೆ ಕೂಲಿಂಗ್ ಯೂನಿಟ್ ಇಡಿಯಾಗಿ ಬದಲಿಸಬೇಕು. ಎರಡನೆಯದು ಹೊರಗಿನ ಬಿಸಿ. 32 ಡಿಗ್ರಿ ದಾಟಿದರೆ ತಣಿಸುವುದು ಕುಂಟುತ್ತೆ. ಹಿಂಬದಿಯ ಮೇಲಿನ ಜಾಲರಿಯ ಒಳಗೆ 120 ಮಿಮೀ ಅಳತೆಯ 12 ವೋಲ್ಟ್ ಫ್ಯಾನ್ ಕೂರಿಸಿ, ಗಾಳಿ ಹೊರಕ್ಕೆ ಹೋಗುವಂತೆ. ಮೂರನೆಯದು 12 ವೋಲ್ಟ್‌ನ ಮೋಡ್. ಅದು ಒಂದೇ ಸಮ 10-14 ಆಂಪಿಯರ್ ಎಳೆಯುತ್ತೆ, ಗಾಡಿ ಓಡುವಾಗ ಮಾತ್ರ ಬಳಸಬೇಕು. ನಿಲ್ಲಿಸಿದ ಮೇಲೆ ಗ್ಯಾಸ್‌ಗೆ ತಿರುಗಿಸಲು ಮರೆತರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತೆ.

ಜ್ವಾಲೆ ಹಳದಿಯಾಗಿದ್ದರೆ ಜೆಟ್ (ಗ್ಯಾಸ್ ಹೊರಬರುವ ಸಣ್ಣ ರಂಧ್ರದ ಮೂತಿ) ಮತ್ತು ಹೊಗೆಕೊಳವೆಯ ಮಸಿ ತೆಗೆಯಿರಿ. ಜೆಟ್‌ಗೆ ಪಿನ್ನು ಚುಚ್ಚಬೇಡಿ, ರಂಧ್ರ ಅಗಲವಾಗುತ್ತೆ. ಸ್ಪಿರಿಟ್‌ನಲ್ಲಿ ನೆನೆಸಿ, ಗಾಳಿ ಊದಿ.

ಇಂಡಕ್ಷನ್ ಬಗ್ಗೆ. 1 ಕೆಜಿ ಪ್ರೊಪೇನ್‌ನಲ್ಲಿ ಸುಮಾರು 13 ಕಿಲೋವ್ಯಾಟ್-ಅವರ್ ಶಾಖ ಇದೆ, 200 ಎಎಚ್ ಲಿಥಿಯಂನಲ್ಲಿ 2.56. ಗ್ಯಾಸ್ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತೆ, ಒಪ್ಪಿದೆ. ಹಾಗೆ ಕಳೆದರೂ ಒಂದು ಕೆಜಿ ಗ್ಯಾಸ್ ನಿಮ್ಮ ಇಡೀ ಬ್ಯಾಟರಿಯ ದುಪ್ಪಟ್ಟು ಕೆಲಸ ಮಾಡುತ್ತೆ. 1800 ವ್ಯಾಟ್ ಇಂಡಕ್ಷನ್ 20 ನಿಮಿಷ ಉರಿದರೆ 50 ಎಎಚ್ ಹೋಯಿತು. ಮೇನ್ಸ್ ಸಿಕ್ಕಾಗ ಬಳಸಲು ಒಂದು ಇಡಿ, ಒಲೆ ಕೀಳಬೇಡಿ.

ಆದರೆ ಹಳೆಯ ಕೊಳವೆ ಮತ್ತು ರೆಗ್ಯುಲೇಟರನ್ನು ನಂಬುವಂತಿಲ್ಲ. ರಬ್ಬರ್ ಹೋಸ್ ಮೇಲಿನ ದಿನಾಂಕ ನೋಡಿ ಬದಲಿಸಿ, ಇಡೀ ಲೈನಿಗೆ ಒತ್ತಡ ಪರೀಕ್ಷೆ ಮಾಡಿಸಿ. ಪ್ರೊಪೇನ್ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಲಿ. ಕಾರ್ಬನ್ ಮಾನಾಕ್ಸೈಡ್‌ನದ್ದು ಮಲಗುವ ಎತ್ತರದಲ್ಲಿ. ಅಲಾರಂಗಳಿಗೂ ಆಯುಸ್ಸಿದೆ, ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ. ಚಳಿಗೆ ಹೋಗುವುದಿದ್ದರೆ ಪ್ರೊಪೇನ್ ತುಂಬಿಸಿ. ಬ್ಯೂಟೇನ್ −0.5 ಡಿಗ್ರಿಯಲ್ಲೇ ಆವಿಯಾಗುವುದು ನಿಲ್ಲಿಸುತ್ತೆ, ಪ್ರೊಪೇನ್ −42ರವರೆಗೂ ಏಳುತ್ತೆ.

ಗಾಲಿಮನೆ:

ಇಬ್ಬರಿಗೂ ಧನ್ಯವಾದ. ಫ್ರಿಜ್ ಪೀಜೋದ್ದೇ, ಜ್ವಾಲೆ ನೀಲಿ ಇದೆ. ಹಾಗಾದರೆ ಸದ್ಯ ಅದನ್ನು ಬಿಟ್ಟು 72 ಎಎಚ್ ಲೆಕ್ಕದಲ್ಲೇ ಹೋಗಬಹುದಲ್ಲವೇ? ಮುಂದೆ ಕಂಪ್ರೆಸರ್ ಫ್ರಿಜ್ ಹಾಕಿದರೆ ಈಗಿರುವ 1.5 ಚದರ ಮಿಮೀ ತಂತಿ ಸಾಕೇ? ಚಾವಣಿಯಲ್ಲಿ 300 ವ್ಯಾಟ್‌ನಷ್ಟು ಸೋಲಾರ್‌ಗೆ ಜಾಗವಿದೆ.

ದಾರಿಹೋಕ:

ಸೋಲಾರ್ ಬಂದ ಮೇಲೆ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಬದಲಾಗಿದೆ, ಅದನ್ನು ಯಾರೂ ಹೇಳಲಿಲ್ಲ. ಹಿಂದಿನವರು ಹುಡುಕುತ್ತಿದ್ದದ್ದು ಮರದ ನೆರಳು, ನೀರು, ಸಮತಟ್ಟು ನೆಲ. ಈಗ ಪ್ಯಾನೆಲ್‌ಗೂ ಡಿಶ್‌ಗೂ ಬಯಲಾದ ಆಕಾಶ ಬೇಕು. ಒಂದು ಕೊಂಬೆಯ ನೆರಳು ಬಿದ್ದರೂ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳ ಉತ್ಪಾದನೆ ಕುಸಿಯುತ್ತೆ. ಎಲೆಗಳ ಸಂದಿಯಲ್ಲಿ ಡಿಶ್‌ನ ಸಂಪರ್ಕ ಕೆಲವು ನಿಮಿಷಕ್ಕೊಮ್ಮೆ ತಪ್ಪುತ್ತೆ, ವೀಡಿಯೋ ಕರೆ ಮುರಿಯಲು ಅಷ್ಟೇ ಸಾಕು. ಬಯಲಲ್ಲಿ ನಿಂತರೆ ಒಳಗಿನವರು ಬೆಂದುಹೋಗುತ್ತಾರೆ. ಹಾಗಾಗಿ 300 ವ್ಯಾಟ್ ಪೂರ್ತಿ ಚಾವಣಿಗೇ ಅಂಟಿಸುವ ಬದಲು 200 ಮೇಲೆ, ಮಡಚುವ 100-200 ಕೆಳಗೆ ಇಡಿ. 10 ಮೀಟರ್‌ನ 6 ಚದರ ಮಿಮೀ ಕೇಬಲ್ ಇದ್ದರೆ ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಎರಡಕ್ಕೂ ಬೇರೆ ಬೇರೆ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಗರಿಷ್ಠ ವಿದ್ಯುತ್ ತೆಗೆಯುವ ನಿಯಂತ್ರಕ). ಡಿಶ್‌ಗೂ ಉದ್ದನೆಯ ಕೇಬಲ್ ತೆಗೆದುಕೊಳ್ಳಿ.

ದಾರಿಯ ವಿಷಯ. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದು ನಿಲ್ಲಿಸಿತು. ನೂರು ಮೀಟರ್‌ನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರ್‌ಗೆ ಇಳಿಯಿತು, ರಸ್ತೆ ತೋರಿಸುವ ಯಂತ್ರಗಳು ಮನೆಮನೆಗೆ ಬಂದದ್ದು ಅದರ ನಂತರವೇ. ಆದರೆ ಫೋನಿನ ಕಾರ್ ನಕ್ಷೆಗೆ ನಿಮ್ಮ ಗಾಡಿಯ ಎತ್ತರ ಗೊತ್ತಿಲ್ಲ. ತಗ್ಗು ಸೇತುವೆಯ ಕೆಳಗೂ, ತೂಕದ ಮಿತಿಯಿರುವ ರಸ್ತೆಗೂ ನಿಶ್ಚಿಂತೆಯಿಂದ ಕಳಿಸುತ್ತೆ. ಎತ್ತರ, ಅಗಲ, ಉದ್ದ, ತೂಕ ನಮೂದಿಸಬಹುದಾದ ಆ್ಯಪ್ ಅಥವಾ ಉಪಕರಣ ಬಳಸಿ. ಎತ್ತರ ಅಳೆಯುವುದು ಸೋಲಾರ್, ಫ್ಯಾನ್ ಮುಚ್ಚಳ, ಆಂಟೆನಾ ಎಲ್ಲ ಕೂರಿಸಿದ ಮೇಲೆ, ಟೈರ್‌ಗೆ ಪೂರ್ತಿ ಗಾಳಿ ತುಂಬಿ. ಅದರ ಮೇಲೆ 10 ಸೆಂಮೀ ಸೇರಿಸಿ, ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ.

ಸ್ಪ್ಯಾನರ್_14:

ಎರಡೇ ಮಾತು.

ಟಚ್‌ಸ್ಕ್ರೀನ್ ಒಂದರಿಂದಲೇ ದೀಪ, ಪಂಪ್, ಹೀಟರ್ ಎಲ್ಲ ನಡೆಸುವ ಕಿಟ್‌ಗಳನ್ನು ಮಾರುತ್ತಾರೆ. ಹಳೆಯ ಗಾಡಿಗೆ ಹಾಕಬೇಡಿ. ಹಿಂದೆ ಪಂಪ್ ನಿಂತರೆ ಫ್ಯೂಸ್, ಸ್ವಿಚ್, ಪಂಪ್, ಈ ಮೂರೇ ಅನುಮಾನ. ಇದರಲ್ಲಿ ಮಧ್ಯದ ಮಾಡ್ಯೂಲ್ ಸತ್ತರೆ ನೀರೂ ಇಲ್ಲ, ಬೆಳಕೂ ಇಲ್ಲ. ಫೋನ್ ಆ್ಯಪ್‌ನಿಂದಷ್ಟೇ ನಡೆಯುವ ಸಾಮಾನಂತೂ ಕಂಪನಿ ಆ್ಯಪ್ ಕೈಬಿಟ್ಟ ದಿನವೇ ಗುಜರಿ. ಹಾಕಲೇಬೇಕೆಂದರೆ ಪಂಪ್‌ಗೆ ಒಂದು, ಒಂದು ದೀಪಕ್ಕೆ ಒಂದು ಸಾದಾ ಸ್ವಿಚ್ ನೇರ ಫ್ಯೂಸ್ ಬಾಕ್ಸ್‌ನಿಂದ ಎಳೆದಿಡಿ. ಟೈರ್ ಒತ್ತಡ ತಿಳಿಸುವ ಸೆನ್ಸರ್ ಮಾತ್ರ ಕಣ್ಣುಮುಚ್ಚಿ ಕೊಳ್ಳಿ. ಅದಕ್ಕೂ ಮೊದಲು ಟೈರ್ ಪಕ್ಕದ ನಾಲ್ಕಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆರೇಳು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಿರಲಿ, ಬದಲಿಸಿ.

ಎರಡನೆಯದು ತೂಕ. ಹಳೆಯ ಎರಡು ಬ್ಯಾಟರಿ ಹತ್ತಿರ ಹತ್ತಿರ 60 ಕೆಜಿ, 200 ಎಎಚ್ ಲಿಥಿಯಂ ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಪ್ಯಾನೆಲ್, ಇನ್ವರ್ಟರ್, ದಪ್ಪ ಕೇಬಲ್ ಸೇರಿ ತಿಂದುಹಾಕುತ್ತವೆ. ನೀರು, ಡೀಸೆಲ್, ಜನ ಎಲ್ಲ ತುಂಬಿಕೊಂಡು ತೂಕದ ಸೇತುವೆಯಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಒಟ್ಟು ಮಿತಿಯೊಳಗಿದ್ದೂ ಹಿಂದಿನದು ಮೀರಿರುವುದು ಬಹಳ ಸಾಮಾನ್ಯ.

ಹನ್ನೆರಡು_ವೋಲ್ಟ್:

@ಗಾಲಿಮನೆ ಹೌದು, ಫ್ರಿಜ್ ಬಿಡಿ. 200 ಎಎಚ್ ಲಿಥಿಯಂ ಬಿಸಿಲೇ ಇಲ್ಲದೆ ಎರಡು ದಿನ ದಾಟುತ್ತೆ. ಮೋಡದ ನಡುವೆ ದಿನಕ್ಕೆ ಎರಡು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದಷ್ಟು ಸಿಕ್ಕರೂ 300 ವ್ಯಾಟ್‌ನಿಂದ 35 ಎಎಚ್ ಬರುತ್ತೆ, ಮೂರು ದಿನ ಆರಾಮ.

1.5ರ ತಂತಿ ಕಂಪ್ರೆಸರ್‌ಗೆ ಸಾಲದು. ಹೋಗಿ ಬರುವ ಉದ್ದ 10 ಮೀಟರ್ ಹಿಡಿದರೆ 0.12 ಓಮ್, ಶುರುವಿನ 8 ಆಂಪಿಯರ್‌ಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಯಿತು. ಕಂಪ್ರೆಸರ್‌ನ ಕಡಿಮೆ-ವೋಲ್ಟೇಜ್ ರಕ್ಷಣೆ ಅದನ್ನೇ ಬ್ಯಾಟರಿ ಖಾಲಿ ಎಂದು ತಿಳಿದು ನಿಲ್ಲಿಸುತ್ತೆ. ಬ್ಯಾಟರಿ ತುಂಬಿದ್ದರೂ ಫ್ರಿಜ್ ಆಗಾಗ ನಿಲ್ಲುತ್ತೆ ಅನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ್ದೇ ಇದು. 6 ಚದರ ಮಿಮೀ ಎಳೆದರೆ ನಷ್ಟ ಕಾಲು ವೋಲ್ಟ್ ಒಳಗೆ. ಗೋಡೆ ಹಲಗೆ ಈಗ ಹೇಗೂ ಬಿಚ್ಚುತ್ತೀರಿ, ಫ್ರಿಜ್ ಬಾರದಿದ್ದರೂ ತಂತಿ ಈಗಲೇ ಎಳೆದು, ತುದಿಗೆ ಇನ್ಸುಲೇಷನ್ ಸುತ್ತಿ ಬಿಡಿ. ಫ್ಯೂಸ್ ಮಾತ್ರ ಆಮೇಲೆ ಹಾಕಿ.